ಫೋನ್ ಎಷ್ಟು ಸಲ ಹೊಡೆದುಕೊಂಡಿತು?

ನಮ್ಮ ಕಾಲದಲ್ಲಿ ಕಾಲೇಜಿನ ಗೋಡೆ ಪತ್ರಿಕೆ ಲೈಬ್ರರಿ ಮೆಟ್ಟಿಲ ಪಕ್ಕ ಇರುತ್ತಿತ್ತು. ಗಾಜಿನ ಬಾಗಿಲಿನ ಮರದ ಪೆಟ್ಟಿಗೆ. ಅದರ ಬೀಗದ ಕೈ ಯಾವತ್ತೋ ಕಳೆದುಹೋಗಿತ್ತು. ಹಾಗಾಗಿ ಯಾರು ಬೇಕಾದರೂ ಬಾಗಿಲು ತೆಗೆದು, ಯಾರ ಲೇಖನದ ಮೇಲೆ ಬೇಕಾದರೂ ಗೀಚಬಹುದಿತ್ತು. 1993ರ ಮಳೆಗಾಲದ ಒಂದು ಬೆಳಿಗ್ಗೆ ನೋಡಿದರೆ, ನಾನು ಬರೆದ ಸಿನಿಮಾ ವಿಮರ್ಶೆಯ ಕೆಳಗೆ ಕೆಂಪು ಇಂಕಿನಲ್ಲಿ ಒಂದೇ ಸಾಲು: "ಅದೆಲ್ಲ ಸರಿ, ಫೋನ್ ಎಷ್ಟು ಸಲ ಹೊಡೆದುಕೊಂಡಿತು?"

ಅಕ್ಷರ ಇಂಗ್ಲಿಷ್ ಮೇಷ್ಟ್ರದ್ದು. ಯಾವ ಫೋನ್ ಅಂತ ಮಾತ್ರ ನನಗೆ ಹೊಳೆಯಲಿಲ್ಲ.

ಸಿನಿಮಾ 'ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ'. ಇಟಲಿಯ ಸೆರ್ಜಿಯೋ ಲಿಯೋನಿ ಮಾಡಿದ್ದು, 1984ರಲ್ಲಿ ಬಂದದ್ದು. ಅವರ ಕೊನೆಯ ಚಿತ್ರ. ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ ಕಳ್ಳ ಸಾರಾಯಿಯಲ್ಲಿ ದುಡ್ಡು ಮಾಡಿದ ಹುಡುಗರ ಕಥೆ. ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನ ಯಹೂದಿ ಕೇರಿಯಲ್ಲಿ, ಬಡತನದಲ್ಲಿ ಬೆಳೆದವರು. ನೂಡಲ್ಸ್ ಅನ್ನುವವನ ಪಾತ್ರ ರಾಬರ್ಟ್ ಡಿ ನೀರೋದು, ಅವನ ಜೀವದ ಗೆಳೆಯ ಮ್ಯಾಕ್ಸ್ ಪಾತ್ರ ಜೇಮ್ಸ್ ವುಡ್ಸ್‌ದು. ಇಬ್ಬರಲ್ಲಿ ಯಾರು ಯಾರಿಗೆ ದ್ರೋಹ ಮಾಡಿದರು ಅನ್ನುವುದೇ ಕಥೆ. ನಮಗೆ ನೂಡಲ್ಸ್ ಅಂದರೆ ಎರಡು ನಿಮಿಷದ ತಿಂಡಿ. ಆ ಹೆಸರು ಬಂದಾಗಲೆಲ್ಲ ಹಾಲ್‌ನ ಹಿಂದಿನ ಸಾಲು ನಗುತ್ತಿತ್ತು.

ಅದರ ವಿಡಿಯೊ ಕ್ಯಾಸೆಟ್ ನಮ್ಮ ಕ್ಲಾಸಿನವನೊಬ್ಬನ ಚಿಕ್ಕಪ್ಪ ಅಮೆರಿಕದಿಂದ ತಂದದ್ದು. ಕಾಲೇಜಿನ ವಿಸಿಪಿಗೆ ಹಾಕಿದರೆ ಚಿತ್ರ ಕಪ್ಪು ಬಿಳುಪಾಗಿ ಮೇಲಿಂದ ಕೆಳಗೆ ಉರುಳತೊಡಗಿತು. ಅಲ್ಲಿಯ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಎರಡಕ್ಕೂ ಆಗಿಬರುವುದಿಲ್ಲ ಅಂತ ಆಗಲೇ ಗೊತ್ತಾಗಿದ್ದು. ಪೇಟೆಯಿಂದ ಮಲ್ಟಿಸಿಸ್ಟಮ್ ಡೆಕ್ ಬಾಡಿಗೆಗೆ ತಂದೆವು. ತಲೆಗೆ ಎರಡು ರೂಪಾಯಿ ಚಂದಾ. ಮುಂದಿನ ಶನಿವಾರ ಸೆಮಿನಾರ್ ಹಾಲ್‌ನಲ್ಲಿ 21 ಇಂಚಿನ ಟಿವಿ ಮುಂದೆ ನೂರು ಜನ. ಕಿಟಕಿಗೆ ಕಂಬಳಿ ಕಟ್ಟಿದ್ದೆವು. ಮೇಷ್ಟ್ರು ಆವತ್ತು ಊರಲ್ಲಿರಲಿಲ್ಲ, ತಂಗಿಯ ಮಗಳ ಮದುವೆಗೆ ಹೋಗಿದ್ದರು.

ಅರ್ಧಕ್ಕಿಂತ ಮುಂದೆ ಒಂದು ದೃಶ್ಯ. ನೂಡಲ್ಸ್ ತಾನು ಚಿಕ್ಕಂದಿನಿಂದ ಇಷ್ಟಪಟ್ಟ ಡೆಬೊರಾಳಿಗಾಗಿ ಸಮುದ್ರದ ದಂಡೆಯ ಇಡೀ ಹೋಟೆಲನ್ನೇ ಒಂದು ಸಂಜೆಗೆ ಬಾಡಿಗೆ ಹಿಡಿದಿದ್ದಾನೆ. ಎಷ್ಟೊಂದು ಟೇಬಲ್, ಊಟಕ್ಕೆ ಇಬ್ಬರೇ. ತಾನು ನಟಿಯಾಗಲು ಹಾಲಿವುಡ್‌ಗೆ ಹೋಗುತ್ತೇನೆ ಅಂತಾಳೆ ಅವಳು. ವಾಪಸ್ ಬರುವಾಗ ಕಾರಿನಲ್ಲಿ ಅವಳ ಮೇಲೆ ಬೀಳುತ್ತಾನೆ. ಬಟ್ಟೆ ಹರಿದ ಸದ್ದು ಕೇಳಿದ್ದೇ ತಡ, ನಮ್ಮ ಅಟೆಂಡರ್ ಎದ್ದು ಹೋಗಿ ಫಾರ್ವರ್ಡ್ ಒತ್ತಿಬಿಟ್ಟರು. ಪರದೆಯ ಮೇಲೆ ಬಿಳಿ ಗೆರೆಗಳು, ಮಧ್ಯೆ ಯಾರೋ ಒದ್ದಾಡಿದ ಹಾಗೆ. ನಿಲ್ಲಿಸುವ ಹೊತ್ತಿಗೆ ಸಿನಿಮಾ ಎಲ್ಲಿಗೋ ಹೋಗಿತ್ತು. ಯಾರೂ ಏನೂ ಅನ್ನಲಿಲ್ಲ. ಒಬ್ಬಳು ಮಾತ್ರ ಎದ್ದು ಹೊರಗೆ ಹೋದಳು. ನಮ್ಮ ಸೆಕ್ಷನ್ನಿನವಳೇ. ಅವಳ ಮಾತು ಆಮೇಲೆ ಬರುತ್ತದೆ.

ನನ್ನ ವಿಮರ್ಶೆ ಚಪ್ಪೆಯಾಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಬಾಲ್ಯ, ಜೈಲು, ದುಡ್ಡು, ದ್ರೋಹ, ಕೊನೆಗೊಂದು ಗುಂಡಿನ ಸದ್ದು. ಇಂಥ ಕಥೆ ಹಿಂದಿಯಲ್ಲಿ ಹತ್ತು ನೋಡಿದ್ದೇವೆ, ಇದಕ್ಕೆ ಇಟಲಿಯಿಂದ ಬರಬೇಕಿತ್ತಾ ಅಂತ ಬರೆದಿದ್ದೆ. 'ಪಾಪದ ನೂಡಲ್ಸ್' ಅಂತಲೂ ಎರಡು ಕಡೆ ಬರೆದಿದ್ದೆ.

ಸ್ಟಾಫ್ ರೂಮಿಗೆ ಹೋದೆ. "ಯಾವ ಫೋನ್ ಸಾರ್?"

"ಯಾವ ಫೋನಾ? ಸಿನಿಮಾ ಶುರುವಾಗೋದೇ ಅಲ್ಲಿಂದ ಅಲ್ವೇನಯ್ಯಾ? ಅವನು ಅಫೀಮು ಸೇದ್ಕೊಂಡು ಬಿದ್ದಿರ್ತಾನೆ. ಫೋನ್ ಹೊಡ್ಕೊಳ್ತಾನೇ ಇರತ್ತೆ. ಮಳೆಯಲ್ಲಿ ಮೂರು ಹೆಣ ಕಾಣತ್ತೆ, ಆಗಲೂ ಹೊಡ್ಕೊಳ್ತಿದೆ. ಪಾರ್ಟಿ ನಡೀತಿದೆ, ಆಗಲೂ ಹೊಡ್ಕೊಳ್ತಿದೆ. ಅವನು ಫೋನ್ ಎತ್ತಿದ, ನಿಂತಿತು ಅಂದ್ಕೊಂಡ್ರೆ ಇನ್ನೂ ಹೊಡ್ಕೊಳ್ತಿದೆ! ಯಾಕಂದ್ರೆ ಅದು ಅವನಿಗೆ ಬಂದ ಫೋನಲ್ಲ. ಅವನು ಪೊಲೀಸರಿಗೆ ಮಾಡ್ತಿರೋ ಫೋನು. ಗೆಳೆಯರನ್ನ ಹಿಡಿದುಕೊಡೋ ಫೋನು."

"ಸಾರ್, ಸಿನಿಮಾ ಶುರುವಾಗೋದು ಹುಡುಗರಿಂದ."

"ಹಾಗಾದ್ರೆ ಕೊನೇಲಿ ನಗ್ತಾನಲ್ಲ, ಅದನ್ನ ಯಾಕೆ ಬರೆದಿಲ್ಲ?"

"ಯಾರು ಸಾರ್ ನಗೋದು?"

ಎರಡು ವಾರ ಇದೇ ನಡೆಯಿತು. ನಾವು ನಿದ್ದೆ ಮಾಡಿದ್ದೆವು ಅಂತ ಅವರು. ಅವರಿಗೆ ವಯಸ್ಸಾಯಿತು, ಬೇರೆ ಯಾವುದೋ ಸಿನಿಮಾ ಜೊತೆ ಕಲಸಿಕೊಂಡಿದ್ದಾರೆ ಅಂತ ಹಾಸ್ಟೆಲಿನಲ್ಲಿ ನಾವು. ಆಗ ಅವರಿಗೆ ನಲವತ್ತೆರಡೋ ನಲವತ್ತಮೂರೋ, ನನಗೀಗ ಅದಕ್ಕಿಂತ ಜಾಸ್ತಿ. ಗೋಡೆ ಪತ್ರಿಕೆಯಲ್ಲಿ ಮೇಷ್ಟ್ರ ಪಕ್ಷ, ಹುಡುಗರ ಪಕ್ಷ ಅಂತ ಎರಡಾಯಿತು. ಮೇಷ್ಟ್ರ ಪಕ್ಷದಲ್ಲಿ ಮೇಷ್ಟ್ರೊಬ್ಬರೇ ಇದ್ದರು.

ಕೊನೆಗೆ ಕ್ಯಾಸೆಟ್ಟಿನ ಡಬ್ಬ ತರಿಸಿ ಓದಿದರು. 139 ನಿಮಿಷ. ಅವರು ಪುಣೆಯಲ್ಲಿ ಸಿನಿಮಾ ರಸಗ್ರಹಣ ಶಿಬಿರಕ್ಕೆ ಹೋಗಿದ್ದಾಗ ನೋಡಿದ್ದು ಮೂರೂಮುಕ್ಕಾಲು ಗಂಟೆಯದು. ನಡುವೆ ಒಂದೂವರೆ ಗಂಟೆ ಕಾಣೆ!

ಆಗಿದ್ದು ಇಷ್ಟು. ಲಿಯೋನಿ 229 ನಿಮಿಷದ ಚಿತ್ರ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆ ಕೊಟ್ಟರು. ಯುರೋಪಿನಲ್ಲಿ ಅದೇ ನಡೆಯಿತು. ಅಮೆರಿಕದಲ್ಲಿ ಹಂಚುವವರಿಗೆ ಉದ್ದ ಜಾಸ್ತಿ ಅನ್ನಿಸಿತು. ಕತ್ತರಿಸಿ 139ಕ್ಕೆ ಇಳಿಸಿದರು. ಬರೀ ಕತ್ತರಿಸಿದ್ದರೆ ಬೇರೆ ಮಾತು. ಮೂಲದಲ್ಲಿ ಕಥೆ 1933, 1968, ಬಾಲ್ಯ ಅಂತ ಹಿಂದೆ ಮುಂದೆ ಓಡಾಡುತ್ತದೆ, ಮುದುಕನಾದ ನೂಡಲ್ಸ್ ನೆನಪು ಮಾಡಿಕೊಳ್ಳುವ ಹಾಗೆ. ಇವರು ಅದನ್ನು ಬಿಚ್ಚಿ, ಮೊದಲು ಬಾಲ್ಯ, ಆಮೇಲೆ ಯೌವನ, ಆಮೇಲೆ ಮುಪ್ಪು ಅಂತ ಸಾಲಾಗಿ ಜೋಡಿಸಿದರು. ನೆನಪಿನ ಕಥೆ ಹೋಗಿ ಜಾತಕದ ಕಥೆ ಆಯಿತು. ಅಲ್ಲಿಯ ವಿಮರ್ಶಕ ರೋಜರ್ ಈಬರ್ಟ್ ಉದ್ದದ್ದನ್ನು ಮಹಾಕಾವ್ಯ ಅಂತ ಹೊಗಳಿ, ಮೋಟು ಮಾಡಿದ್ದನ್ನು ಅಣಕ ಅಂತ ತೆಗಳಿದರು, ಅದೂ ಒಂದೇ ಲೇಖನದಲ್ಲಿ. ಎನ್ನಿಯೊ ಮೊರಿಕೋನೆಯ ಸಂಗೀತ ಆಸ್ಕರ್ ಸ್ಪರ್ಧೆಗೇ ನಿಲ್ಲಲಿಲ್ಲ. ಕತ್ತರಿ ಆಡಿಸುವಾಗ ಟೈಟಲ್‌ನಿಂದ ಅವರ ಹೆಸರೇ ಬಿಟ್ಟುಹೋಗಿತ್ತಂತೆ.

ಇದು ಗೊತ್ತಾದ ಮೇಲೆ ಜಗಳ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಈಗ ಮೇಷ್ಟ್ರು ನಾವು ನೋಡದ ಸಿನಿಮಾ ಹೇಳತೊಡಗಿದರು, ನಾವು ಅದರ ಮೇಲೆ ಅಭಿಪ್ರಾಯ ಕೊಡತೊಡಗಿದೆವು. ಸಂಜೆ ಲೈಬ್ರರಿ ಮೆಟ್ಟಿಲ ಮೇಲೆ.

ಒಂದು ದಿನ ಕೇಕಿನ ಕಥೆ ಹೇಳಿದರು. ಕೇರಿಯ ಒಬ್ಬ ಸಣ್ಣ ಹುಡುಗ, ಪ್ಯಾಟ್ಸಿ. ಅದೇ ಕಟ್ಟಡದ ಪೆಗ್ಗಿ ಅನ್ನುವ ಹುಡುಗಿಗೆ ಕ್ರೀಮ್ ಕೇಕ್ ತಂದುಕೊಟ್ಟರೆ ಅವಳು ಹತ್ತಿರ ಬಿಟ್ಟುಕೊಳ್ಳುತ್ತಾಳೆ. ಹೇಗೋ ದುಡ್ಡು ಹೊಂದಿಸಿ ಕೇಕ್ ಕೊಂಡು ಅವಳ ಮನೆ ಬಾಗಿಲು ತಟ್ಟುತ್ತಾನೆ. ಅವಳು ಸ್ನಾನ ಮಾಡುತ್ತಿದ್ದಾಳೆ, ಕಾಯಬೇಕು. ಮೆಟ್ಟಿಲ ಮೇಲೆ ಕೂರುತ್ತಾನೆ. ಪೊಟ್ಟಣ ಬಿಚ್ಚಿ ನೋಡುತ್ತಾನೆ. ಕಾಗದಕ್ಕೆ ಅಂಟಿದ ಕ್ರೀಮನ್ನು ಬೆರಳಿನಿಂದ ನೆಕ್ಕುತ್ತಾನೆ. ಮತ್ತೆ ಕಟ್ಟುತ್ತಾನೆ. ಮತ್ತೆ ಬಿಚ್ಚುತ್ತಾನೆ. ಇನ್ನೊಂದು ಬೆರಳು. ಮೇಷ್ಟ್ರು ಇದನ್ನೆಲ್ಲ ಮೆಟ್ಟಿಲ ಮೇಲೆ ಕೂತು, ಕೈಯಲ್ಲಿದ್ದ ಚಾಕ್‌ಪೀಸ್ ಡಬ್ಬವನ್ನೇ ಕೇಕ್ ಮಾಡಿಕೊಂಡು ತೋರಿಸಿದರು. ಕೊನೆಗೆ ಆ ಹುಡುಗ ಮೇಲಿದ್ದ ಚೆರಿ ಹಣ್ಣನ್ನೂ ಬಾಯಿಗೆ ಹಾಕಿಕೊಂಡು ಗಬಗಬ ತಿಂದುಬಿಡುತ್ತಾನೆ. ಹುಡುಗಿ ಹೊರಗೆ ಬರುವಾಗ ಕೇಕೂ ಇಲ್ಲ, ಹೇಳಲು ಮಾತೂ ಇಲ್ಲ. "ಇವರು ಗ್ಯಾಂಗ್‌ಸ್ಟರ್‌ಗಳು ಕಣ್ರಯ್ಯಾ" ಅಂದರು ಮೇಷ್ಟ್ರು. ಇಬ್ಬರು ಮೂವರು ಅಂದೇ ಪಕ್ಷ ಬದಲಿಸಿದರು.

ಇನ್ನೊಂದು, ಉಪ್ಪಿನ ಉಪಾಯ. ಸಾರಾಯಿ ಪೆಟ್ಟಿಗೆಗೆ ತೇಲುವಂಥದ್ದೇನನ್ನೋ ಕಟ್ಟಿ, ಜೊತೆಗೆ ಉಪ್ಪಿನ ಚೀಲ ಕಟ್ಟಬೇಕು. ಗಸ್ತಿನವರು ಬಂದರೆ ನೀರಿಗೆ ಎಸೆದುಬಿಡಬೇಕು. ಉಪ್ಪಿನ ಭಾರಕ್ಕೆ ಮುಳುಗುತ್ತದೆ, ಉಪ್ಪು ಕರಗಿದ ಮೇಲೆ ತಾನೇ ಮೇಲೆ ಬರುತ್ತದೆ. ಈ ಉಪಾಯ ಹೇಳುವವನು ಮೀಸೆ ಮೂಡದ ನೂಡಲ್ಸ್. ಸುಮ್ನೆ ಬುರುಡೆ ಅಂದ ನಮ್ಮ ರೂಮಿನವನು. ಅವನಿಗೆ ಇದರಲ್ಲಿ ಮಾತಾಡುವ ಹಕ್ಕಿತ್ತು. ಅವನ ಊರಿನಲ್ಲಿ ಕಳ್ಳಭಟ್ಟಿ ಕಾಯಿಸುತ್ತಿದ್ದರು. ರೈಡ್ ಅಂದರೆ ಬಿಂದಿಗೆ ತಿಪ್ಪೆಯೊಳಗೆ ಹೋಗುತ್ತಿತ್ತಂತೆ. "ತಿಪ್ಪೆ ಇರೋವಾಗ ಉಪ್ಪು ಯಾಕೆ ದಂಡ ಮಾಡ್ತಾರೆ?" ಅಂತ ಅವನ ವಾದ.

ಪರೀಕ್ಷೆ ಮಾಡಿಯೇಬಿಟ್ಟೆವು. ಖಾಲಿ ಕೆಮ್ಮಿನ ಔಷಧಿ ಬಾಟಲಿ, ಬಿಗಿಯಾಗಿ ಮುಚ್ಚಳ. ಅರ್ಧ ಕೆ.ಜಿ. ಹರಳುಪ್ಪು, ಹಳೇ ಬನಿಯನ್ನಿನಲ್ಲಿ ಗಂಟು. ರಾತ್ರಿ ಹಾಸ್ಟೆಲ್ ತೊಟ್ಟಿಯಲ್ಲಿ ಬಿಟ್ಟರೆ ಬುಳುಕ್ ಅಂತ ತಳ ಸೇರಿತು. ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ನೋಡಿದರೆ ಬಾಟಲಿ ತೇಲುತ್ತಿದೆ, ಬನಿಯನ್ ಬಾಲದ ಹಾಗೆ ಕೆಳಗೆ ಜೋತುಬಿದ್ದಿದೆ. ಕುಣಿದಾಡಿದೆವು. ಆ ಸದ್ದಿಗೆ ವಾರ್ಡನ್ ಬಂದರು. ತೊಟ್ಟಿ ಖಾಲಿ ಮಾಡಿಸಿ, ತಿಕ್ಕಿಸಿ, ಬಾವಿಯಿಂದ ಸೇದಿ ತುಂಬಿಸಿದರು, ನಮ್ಮ ಕೈಯಲ್ಲೇ. ಲಿಯೋನಿ ಸುಳ್ಳು ಹೇಳಿಲ್ಲ ಅಂತ ಗೋಡೆ ಪತ್ರಿಕೆಯಲ್ಲಿ ಬರೆದೆ. ಬೆನ್ನು ನೋಯುತ್ತಿತ್ತು.

ಹಿಸ್ಟರಿ ಮೇಡಂ ದೂರು ಬೇರೆ. ಸಿನಿಮಾ ಉದ್ದವೋ ಗಿಡ್ಡವೋ, ಪಾನನಿಷೇಧದ ಬಗ್ಗೆ ಅದರಲ್ಲಿ ಏನೂ ಇಲ್ಲ ಅಂದರು. 1920ರ ಜನವರಿ 17ರಂದು ಜಾರಿಗೆ ಬಂದ ನಿಷೇಧ 1933ರ ಡಿಸೆಂಬರ್ 5ಕ್ಕೆ ರದ್ದಾಯಿತು. ಸಂವಿಧಾನಕ್ಕೆ ಒಂದು ತಿದ್ದುಪಡಿ ತಂದು ಕೂರಿಸಿದ್ದನ್ನು ಇನ್ನೊಂದು ತಿದ್ದುಪಡಿ ತಂದು ಎಬ್ಬಿಸಿದರು. ಕುಡಿಯುವುದು ಅಪರಾಧವೇ ಆಗಿರಲಿಲ್ಲ. ಮಾಡುವುದು, ಮಾರುವುದು, ಸಾಗಿಸುವುದು ಅಪರಾಧ. ಡಾಕ್ಟರ ಚೀಟಿ ಇದ್ದರೆ ವಿಸ್ಕಿ ಔಷಧಿಯಾಗಿ ಸಿಗುತ್ತಿತ್ತು. ಇದೆಲ್ಲ ಬಿಟ್ಟು ಇಬ್ಬರು ಪುಂಡರ ಕಣ್ಣೀರು ಯಾಕೆ ಅಂತ ಮೇಡಂ ಕೇಳಿದರು. ಮೇಷ್ಟ್ರು ಕೊಟ್ಟ ಉತ್ತರ ಒಂದೇ. ನಿಷೇಧ ಮುಗಿದ ರಾತ್ರಿ ಸಿನಿಮಾದ ಪಾರ್ಟಿಗೆ ಶವಪೆಟ್ಟಿಗೆಯ ಆಕಾರದ ಕೇಕ್ ಬರುತ್ತದೆ. ಎಲ್ಲರೂ ನಗುತ್ತಿದ್ದಾರೆ. ಇವರ ಕಸುಬು ಮಾತ್ರ ಅವತ್ತೇ ಸತ್ತಿದೆ. ಮೇಡಂ ಒಪ್ಪಲಿಲ್ಲ. ನನಗೆ ಈಗಲೂ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸುತ್ತದೆ.

ಎದ್ದು ಹೋದವಳು ಇಷ್ಟು ದಿನ ಸುಮ್ಮನಿದ್ದಳು. ಒಂದು ಸೋಮವಾರ ಗೋಡೆ ಪತ್ರಿಕೆಗೆ ಚೀಟಿ ಅಂಟಿಸಿದಳು. "ಅಮೆರಿಕದವರು ಒಂದೂವರೆ ಗಂಟೆ ಕತ್ತರಿಸಿದರು ಅಂತ ಎಲ್ಲರೂ ಅಳುತ್ತಿದ್ದೀರಿ. ನಮ್ಮ ಕಾಲೇಜು ಕತ್ತರಿಸಿದ ಮೂರು ನಿಮಿಷದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅವನು ಮಾಡಿದ್ದನ್ನು ಓಡಿಸಿಬಿಟ್ಟು, ಆಮೇಲೆ ಅವನನ್ನು ಪಾಪ ಅನ್ನುವುದು ಸುಲಭ." ಕೆಳಗೆ ಹೆಸರು ಬರೆದಿದ್ದಳು. ಆಗಿನ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ. ಎರಡು ದಿನದಲ್ಲಿ ಚೀಟಿಯನ್ನು ಯಾರೋ ಕಿತ್ತರು. ಮೇಷ್ಟ್ರು ಅದನ್ನು ತಮ್ಮ ಕೈಬರಹದಲ್ಲಿ, ಕೆಂಪು ಇಂಕಿನಲ್ಲಿ, ಒಂದಕ್ಷರ ಬದಲಿಸದೆ ಮತ್ತೆ ಬರೆದು ಅಂಟಿಸಿದರು. ಆ ಕಾಗದವನ್ನು ಕೀಳುವ ಧೈರ್ಯ ಯಾರಿಗೂ ಬರಲಿಲ್ಲ. ನಾನಂತೂ ಉತ್ತರ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ.

ಪೂರ್ತಿ ಸಿನಿಮಾ ನಾನು ನೋಡಿದ್ದು ಹತ್ತು ವರ್ಷ ಕಳೆದು, 2003ರಲ್ಲಿ ಡಿವಿಡಿ ಬಂದ ಮೇಲೆ. ಕೇಕಿನ ದೃಶ್ಯದಲ್ಲಿ ಆ ಹುಡುಗನಿಗಿಂತ ಮೇಷ್ಟ್ರೇ ಚೆನ್ನಾಗಿ ಮಾಡಿದ್ದರು ಅನ್ನಿಸಿತು. ಕೊನೆಯ ನಗು ನೋಡಿದೆ. ಅಫೀಮಿನ ಹೊಗೆ, ತೆಳ್ಳನೆ ಪರದೆ, ಅದರಾಚೆ ಮೇಲೆ ನೋಡುತ್ತ ಮಲಗಿದ ನೂಡಲ್ಸ್, ಮುಖದ ತುಂಬ ನಗು. ಮುಪ್ಪಿನ ಕಥೆಯೆಲ್ಲ ಆ ಅಫೀಮಿನ ಕನಸು ಅಂತ ಕೆಲವರು. 1933ರಲ್ಲಿ ಮಲಗಿದವನ ಕನಸಿನಲ್ಲಿ 1968ರ ಟಿವಿ ಹೇಗೆ ಬರುತ್ತದೆ ಅಂತ ಇನ್ನು ಕೆಲವರು. ಲಿಯೋನಿ ಎರಡಕ್ಕೂ ಜಾಗ ಬಿಟ್ಟಿದ್ದಾರೆ. ನನಗೆ ಕನಸಿನ ವಾದ ಇಷ್ಟ ಇಲ್ಲ. ಕನಸಾದರೆ ದ್ರೋಹ ಮಾಡಿದ ಗೆಳೆಯನೂ ಕನಸು, ಇವನು ಮಾಡಿದ್ದೆಲ್ಲಕ್ಕೂ ಮಾಫಿ. ಫೋನನ್ನೂ ಎಣಿಸಿದೆ. ಒಂದು ಸಲ 22 ಬಂತು, ಇನ್ನೊಂದು ಸಲ 24.

ಮೇಷ್ಟ್ರಿಗೆ ಕಾಗದ ಬರೆದು ಎರಡೂ ಲೆಕ್ಕ ಕಳಿಸಿದೆ. ಕೆಲಸ ಬಿಟ್ಟು ತೋಟ ನೋಡಿಕೊಂಡಿದ್ದರು. ಕಾರ್ಡಿನಲ್ಲಿ ಉತ್ತರ ಬಂತು: "ಮತ್ತೆ ಎಣಿಸು."

ಹೋದ ವರ್ಷ ನಮ್ಮ ಬ್ಯಾಚಿನವರು ಕಾಲೇಜಿನಲ್ಲಿ ಸೇರಿದಾಗ ಅವಳೂ ಬಂದಿದ್ದಳು. ಈಗ ವಕೀಲೆ. ಪೂರ್ತಿ ಸಿನಿಮಾ ನೋಡಿದ್ದೀಯಾ ಅಂದೆ. ನೋಡಿದ್ದಳು, ಫಾರ್ವರ್ಡ್ ಮಾಡದೆ. ಸಂಗೀತ ತುಂಬ ಇಷ್ಟ ಆಯಿತಂತೆ. ಚಿಕ್ಕ ಡೆಬೊರಾ ಹಿಟ್ಟಿನ ಮೂಟೆಗಳ ನಡುವೆ ನೃತ್ಯ ಅಭ್ಯಾಸ ಮಾಡುವ ದೃಶ್ಯವೂ ಇಷ್ಟವಂತೆ. ಹಾಗಾದರೆ ಅಭಿಪ್ರಾಯ ಬದಲಾಯಿತಾ ಅಂತ ಕೇಳಿದೆ, ಸ್ವಲ್ಪ ಆಸೆಯಿಂದಲೇ. ಫೋನ್ ಎಣಿಸಿದ ಕಥೆಯನ್ನೂ ಹೇಳಿದೆ.

"ನಾಲ್ಕು ಗಂಟೆಯಲ್ಲಿ ದೊಡ್ಡ ಡೆಬೊರಾಗೆ ಮಾತಾಡೋಕೆ ಎಷ್ಟು ನಿಮಿಷ ಸಿಕ್ಕಿದೆ ಅಂತ ಎಣಿಸಿದ್ಯಾ?" ಅಂದಳು. "ಫೋನ್ ಎಣಿಸಿದ್ದು ಸಾಕು, ಅದನ್ನ ಎಣಿಸು."

ಇನ್ನೂ ಎಣಿಸಿಲ್ಲ.