ಅಮೆರಿಕದ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕುವಾಗ ಗಂಡನ ಸರ್‌ನೇಮ್ ಸೇರಿಸುವುದು ಯಾವಾಗ?

ಮದುವೆ ಮುಗಿದ ವಾರದಲ್ಲೇ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ: ಮೊದಲು ಪಾಸ್‌ಪೋರ್ಟ್‌ನಲ್ಲಿ ಹೆಸರು ಬದಲಿಸಿ ಆಮೇಲೆ ಐ-130 (ಅಮೆರಿಕದಲ್ಲಿರುವ ಗಂಡ ಹೆಂಡತಿಗಾಗಿ ಹಾಕುವ ಮೊದಲ ಅರ್ಜಿ) ಹಾಕಬೇಕೋ, ಈಗಿರುವ ಹೆಸರಲ್ಲೇ ಹಾಕಬಹುದೋ? ಧಾರಾಳವಾಗಿ ಹಾಕಬಹುದು. ಗಂಡನ ಸರ್‌ನೇಮ್ ತೆಗೆದುಕೊಳ್ಳಲೇಬೇಕೆಂಬ ಕಾನೂನು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಇಬ್ಬರ ಹೆಸರೂ ಒಂದೇ ಥರ ಇದ್ದರೆ ಮದುವೆ ನಿಜವೆಂದು ಬೇಗ ನಂಬುತ್ತಾರೆ ಅನ್ನುವ ಹಿರಿಯರ ಮಾತಿಗೂ ಆಧಾರವಿಲ್ಲ. ಅಧಿಕಾರಿಗಳು ನೋಡುವುದು ಮದುವೆ ಸರ್ಟಿಫಿಕೇಟ್, ಫೋಟೋಗಳು, ಜಂಟಿ ಖಾತೆ, ಒಬ್ಬರನ್ನೊಬ್ಬರು ನೋಡಲು ಓಡಾಡಿದ ಟಿಕೆಟ್‌ಗಳು.

ವೀಸಾ ಅಚ್ಚಾಗುವುದು ಪಾಸ್‌ಪೋರ್ಟ್‌ನಲ್ಲಿರುವ ಹೆಸರಿಗೆ. ಆ ವೀಸಾದ ಹೆಸರೇ ಗ್ರೀನ್ ಕಾರ್ಡ್‌ಗೆ ಹೋಗುತ್ತದೆ. ಡಿಎಸ್-260, ಅಂದರೆ ವಲಸೆ ವೀಸಾದ ಆನ್‌ಲೈನ್ ಅರ್ಜಿ ತುಂಬುವಾಗ ಸೋಶಿಯಲ್ ಸೆಕ್ಯುರಿಟಿ ಕಾರ್ಡ್ (ಅಲ್ಲಿ ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸಂಖ್ಯೆಯ ಕಾರ್ಡ್) ಕೂಡ ಬೇಕೆಂದು ಟಿಕ್ ಮಾಡಿದ್ದರೆ ಅದೂ ಅದೇ ಹೆಸರಲ್ಲಿ ಬರುತ್ತದೆ. ಹಾಗಾಗಿ ಹೆಸರು ಬದಲಿಸಲು ಒಳ್ಳೆಯ ಕಾಲ ಎರಡೇ: ಐ-130 ಹಾಕುವ ಮುಂಚೆ, ಇಲ್ಲವೇ ಗ್ರೀನ್ ಕಾರ್ಡ್ ಕೈಗೆ ಬಂದ ನಂತರ. ನಡುವೆ ಬದಲಿಸಲು ಹೋದವರೇ ಹೆಚ್ಚು ಪರದಾಡುವುದು.

ಯಾಕೆಂದರೆ ಭಾರತದ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಬದಲಿಸಿದರೂ ಸರಿ, ಕೊನೆಯ ಪುಟದಲ್ಲಿ ಸಂಗಾತಿಯ ಹೆಸರು ಸೇರಿಸಿದರೂ ಸರಿ, ರೀ-ಇಶ್ಯೂ ಆಗಿ ಹೊಸ ಪುಸ್ತಕ, ಹೊಸ ನಂಬರ್ ಬರುತ್ತದೆ. (ಇವೆರಡೂ ಬೇರೆ ಬೇರೆ ಕೆಲಸ. ಸಂಗಾತಿಯ ಹೆಸರು ಸೇರಿಸಿದ ಮಾತ್ರಕ್ಕೆ ನಿಮ್ಮ ಹೆಸರು ಬದಲಾಗುವುದಿಲ್ಲ.) ಅಷ್ಟರಲ್ಲಿ ಡಿಎಸ್-260 ಸಲ್ಲಿಸಿದ್ದರೆ ಅದರಲ್ಲಿ ಹಳೇ ನಂಬರ್ ಇರುತ್ತದೆ. ಪಿಸಿಸಿ, ಅಂದರೆ ಪೊಲೀಸ್ ಕ್ಲಿಯರೆನ್ಸ್, ಹಳೇ ಹೆಸರು ಮತ್ತು ಹಳೇ ಪಾಸ್‌ಪೋರ್ಟ್ ಮೇಲೆ ಆಗಿರುತ್ತದೆ. ಮೆಡಿಕಲ್‌ಗೆ ಹೋದಾಗ ಅವರು ಮೂಲ ಪಾಸ್‌ಪೋರ್ಟ್ ನೋಡುತ್ತಾರೆ. ಮುಂಬೈನ ಅಮೆರಿಕ ಕಾನ್ಸುಲೇಟ್‌ನಲ್ಲಿ ವೀಸಾ ಸಂದರ್ಶನದ ಕಿಟಕಿಯಲ್ಲಿ ಈ ಮೂರೂ ತಾಳೆಯಾಗದಿದ್ದರೆ ಹೊಸ ದಾಖಲೆ ತನ್ನಿ ಎಂದು ಚೀಟಿ ಕೊಟ್ಟು ಕಳಿಸಬಹುದು. ಆಗಲೇ ಬದಲಿಸಿಬಿಟ್ಟಿದ್ದೀರಾ? ಡಿಎಸ್-260 ತಿದ್ದಲು ತೆರೆದುಕೊಡಿ ಎಂದು ಕೇಳಿ, ಹೊಸ ಪಿಸಿಸಿ ಮಾಡಿಸಿ, ಹಳೆಯ ಹೊಸ ಎರಡೂ ಪಾಸ್‌ಪೋರ್ಟ್ ಮತ್ತು ಮದುವೆ ಸರ್ಟಿಫಿಕೇಟ್ ಜೊತೆಯಲ್ಲಿಟ್ಟುಕೊಳ್ಳಿ. ವೀಸಾ ಅಂಟಿಸಿದ ಮೇಲಂತೂ ಅಮೆರಿಕದೊಳಗೆ ಕಾಲಿಡುವವರೆಗೆ ಆ ಪಾಸ್‌ಪೋರ್ಟನ್ನು ಮುಟ್ಟಲೇಬೇಡಿ.

ಅರ್ಜಿಗೆ ಮುಂಚೆಯೇ ಬದಲಿಸಲೇಬೇಕು ಎಂದು ಒತ್ತಿ ಹೇಳಬೇಕಾದ ಒಂದು ಗುಂಪಿದೆ, ಅದು ನಮ್ಮ ಕಡೆಯದ್ದೇ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಕೂರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರರ್ಥ. 'ಕಾವ್ಯಶ್ರೀ' ಎಂದಷ್ಟೇ ಇದ್ದವರು ಅಲ್ಲಿ 'ಎಫ್‌ಎನ್‌ಯು ಕಾವ್ಯಶ್ರೀ' ಆಗುತ್ತಾರೆ. ಗ್ರೀನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಬ್ಯಾಂಕು, ವಿಮೆ, ಎಲ್ಲ ಕಡೆ ಇದು ಬೆನ್ನು ಹತ್ತುತ್ತದೆ. ಸರ್‌ನೇಮ್ ಗಂಡನದ್ದೇ ಆಗಲಿ, ಅಪ್ಪನದ್ದೇ ಆಗಲಿ, ಖಾಲಿ ಜಾಗ ತುಂಬಿಸಿಕೊಂಡೇ ಹೊರಡಿ. 36 ಪುಟದ ಪಾಸ್‌ಪೋರ್ಟ್ ರೀ-ಇಶ್ಯೂಗೆ 1500 ರೂಪಾಯಿ, ತತ್ಕಾಲ್ ಆದರೆ ಮೇಲೆ ಇನ್ನೂ 2000. ಮುಂದಿನ ಪೇಚಾಟದ ಎದುರು ಇದೊಂದು ಖರ್ಚೇ ಅಲ್ಲ.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮದುವೆ ನೋಂದಾಯಿಸುವಾಗ ವಧುವಿನ ಹೆಸರನ್ನು ಮದುವೆಗೆ ಮುಂಚೆ ಇದ್ದ ಹಾಗೆಯೇ, ಪಾಸ್‌ಪೋರ್ಟ್‌ನ ಅಕ್ಷರಕ್ಕೆ ಅಕ್ಷರ ಸೇರುವಂತೆ ಬರೆಸಿ. ಉತ್ಸಾಹದಲ್ಲಿ ಹೊಸ ಹೆಸರೇ ಬರೆಸಿಬಿಟ್ಟರೆ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮದುವೆ ಸರ್ಟಿಫಿಕೇಟ್ ನಡುವಿನ ಕೊಂಡಿ ಕಳಚುತ್ತದೆ. ಹಳೇ ಹೆಸರಿನವಳೇ ಹೊಸ ಹೆಸರಿನವಳು ಎಂದು ತೋರಿಸಲು ಕಾಗದವೇ ಇರುವುದಿಲ್ಲ. ಇನ್ನು ಅರ್ಜಿಗಳಲ್ಲಿ 'ಬಳಸಿದ ಇತರ ಹೆಸರುಗಳು' ಎಂಬ ಕಡೆ ತವರಿನ ಹೆಸರು, ಆಧಾರ್‌ನಲ್ಲಿ ಬೇರೆ ಇದ್ದರೆ ಅದು, ಇನಿಶಿಯಲ್ ಬಿಡಿಸಿ ಬರೆದ ರೂಪ, ಎಲ್ಲವನ್ನೂ ನಮೂದಿಸಿ.

ಕೆ-1, ಅಂದರೆ ನಿಶ್ಚಿತಾರ್ಥದ ವೀಸಾದಲ್ಲಿ ಹೋಗುವವರಿಗೆ ಈ ತಲೆನೋವು ಕಡಿಮೆ. ವೀಸಾ ತವರಿನ ಹೆಸರಲ್ಲೇ. ಅಲ್ಲಿಗೆ ಹೋಗಿ 90 ದಿನದೊಳಗೆ ಮದುವೆಯಾಗಿ, ಆ ಸರ್ಟಿಫಿಕೇಟ್ ಇಟ್ಟು ಐ-485 (ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೇಳುವ ಅರ್ಜಿ) ಅನ್ನು ಹೊಸ ಹೆಸರಲ್ಲಿ ಹಾಕಿದರೆ ಗ್ರೀನ್ ಕಾರ್ಡ್ ಹೊಸ ಹೆಸರಲ್ಲೇ ಬರುತ್ತದೆ.

ಹೋದ ಮೇಲೆ ಬದಲಿಸುವವರಿಗೆ ದಾರಿ ಐ-90, ಅಂದರೆ ಗ್ರೀನ್ ಕಾರ್ಡ್ ಬದಲಿಸಿ ಕೊಡಿ ಎಂಬ ಅರ್ಜಿ. 2024ರ ಏಪ್ರಿಲ್‌ನ ದರದಂತೆ ಆನ್‌ಲೈನ್ ಆದರೆ 415 ಡಾಲರ್, ಕಾಗದದಲ್ಲಾದರೆ 465. ಆದರೆ ಅದಕ್ಕೆ ದುಡ್ಡು ಸುರಿಯುವ ಮುಂಚೆ ಕಾರ್ಡಿನ ಅವಧಿ ನೋಡಿಕೊಳ್ಳಿ. ಅಮೆರಿಕದೊಳಗೆ ಬಂದ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡು ವರ್ಷದ ಷರತ್ತಿನ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತು ತೆಗೆಸುವ ಐ-751 ಅರ್ಜಿ ಹೇಗೂ ಹಾಕಲೇಬೇಕು. ಅದನ್ನೇ ಹೊಸ ಹೆಸರಲ್ಲಿ, ಮದುವೆ ಸರ್ಟಿಫಿಕೇಟ್ ಜೊತೆ ಹಾಕಿದರೆ ಹತ್ತು ವರ್ಷದ ಕಾರ್ಡ್ ಹೊಸ ಹೆಸರಲ್ಲಿ ಬರುತ್ತದೆ, ಐ-90 ಖರ್ಚೇ ಇಲ್ಲ. ಇನ್ನೂ ಕಾಯುವ ತಾಳ್ಮೆ ಇದ್ದರೆ ಪೌರತ್ವದ ಎನ್-400 ಅರ್ಜಿಯಲ್ಲೂ ಬೇರೆ ಶುಲ್ಕವಿಲ್ಲದೆ ಹೆಸರು ಬದಲಿಸಬಹುದು.

ಅಲ್ಲಿ ಬದಲಿಸುವಾಗ ಮೊದಲು ಭಾರತದ ಕಾನ್ಸುಲೇಟ್ ಮೂಲಕ ಪಾಸ್‌ಪೋರ್ಟ್, ಆಮೇಲೆ ಗ್ರೀನ್ ಕಾರ್ಡ್, ನಂತರ ಸೋಶಿಯಲ್ ಸೆಕ್ಯುರಿಟಿ, ಕೊನೆಗೆ ಲೈಸೆನ್ಸ್ ಮತ್ತು ಬ್ಯಾಂಕು ಎಂದು ಇಟ್ಟುಕೊಂಡರೆ ಸಲೀಸು. ತೆರಿಗೆ ರಿಟರ್ನ್‌ನಲ್ಲಿ ಸೋಶಿಯಲ್ ಸೆಕ್ಯುರಿಟಿ ಕಾರ್ಡ್‌ನಲ್ಲಿರುವ ಹೆಸರೇ ಇರಬೇಕು, ಇಲ್ಲದಿದ್ದರೆ ರೀಫಂಡ್ ತಡವಾಗುತ್ತದೆ. ಈ ನಡುವೆ ಊರಿಗೆ ಬರುವುದಿದ್ದರೆ ವಿಮಾನದ ಟಿಕೆಟ್ ಪಾಸ್‌ಪೋರ್ಟ್‌ನ ಹೆಸರಲ್ಲೇ ಇರಲಿ. ಗ್ರೀನ್ ಕಾರ್ಡ್‌ನಲ್ಲಿ ಬೇರೆ ಹೆಸರಿದ್ದರೆ ಮದುವೆ ಸರ್ಟಿಫಿಕೇಟ್‌ನ ಮೂಲಪ್ರತಿ ಚೆಕ್-ಇನ್ ಬ್ಯಾಗಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಳ್ಳಿ.