ಹ್ಯಾವ್‌ಲಾಕ್‌ಗೆ ಡೈವಿಂಗ್‌ಗೆ ಹೊರಟಿದ್ದೀರಾ? ದೋಣಿಯಲ್ಲಿ ಇನ್ಯಾರಿರುತ್ತಾರೆ ಅಂತ ಮೊದಲು ಕೇಳಿ

ಇದು ಕಾರ್ಡ್ ಇರುವವರಿಗಾಗಿ, ಅಂದರೆ ಸ್ಕೂಬಾ ಡೈವಿಂಗ್ ಕಲಿತು ಸರ್ಟಿಫಿಕೇಟ್ ಪಡೆದವರಿಗಾಗಿ ಬರೆದದ್ದು. ಓಪನ್ ವಾಟರ್ (ಮೊದಲ ಹಂತ) ಅಥವಾ ಅಡ್ವಾನ್ಸ್ಡ್ (ಮುಂದಿನ ಹಂತ) ಕೋರ್ಸ್ ಮುಗಿಸಿ, ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಬಂದು, ಇನ್ನು ಅಂಡಮಾನ್‌ನ ಹ್ಯಾವ್‌ಲಾಕ್ ದ್ವೀಪದ (ಈಗಿನ ಹೆಸರು ಸ್ವರಾಜ್ ದ್ವೀಪ) ಕಡೆ ಹೋಗೋಣ ಅಂತ ಟಿಕೆಟ್ ನೋಡುತ್ತಿರುವವರಿಗೆ. ಮೊದಲ ಸಲ ನೀರಿಗಿಳಿಯುವವರನ್ನು ಕೈ ಹಿಡಿದು ಕರೆದೊಯ್ಯುವ ಅರ್ಧ ಗಂಟೆಯ ಡೈವ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಕಾರ್ಡ್ ಇದ್ದೂ ಹಣ ಕಳೆದುಕೊಳ್ಳುವುದು ಹೇಗೆ ಅನ್ನುವುದನ್ನು ಹೇಳುವವರು ಕಡಿಮೆ.

ನಾನು, ನನ್ನ ಅಣ್ಣನ ಮಗ ಇಬ್ಬರೂ ಮಾರ್ಚ್‌ನಲ್ಲಿ ಹೋಗಿದ್ದೆವು. ನನ್ನದು ಅಡ್ವಾನ್ಸ್ಡ್, ಅವನದು ಓಪನ್ ವಾಟರ್. ಬೆಂಗಳೂರಿನಿಂದಲೇ ಒಂದು ಡೈವ್ ಅಂಗಡಿಗೆ ಮುಂಗಡ ಕಟ್ಟಿದ್ದೆವು. ಡಿಕ್ಸನ್ಸ್ ಪಿನಾಕಲ್ ಅನ್ನುವ ನೀರೊಳಗಿನ ಬಂಡೆ ಸೇರಿ ದೂರದ ಎರಡು ಸೈಟ್ (ಡೈವ್ ಮಾಡುವ ಜಾಗ), ಕಾರ್ಡ್ ಇದ್ದವರಿಗೆ ಮಾತ್ರ, ಒಬ್ಬ ಗೈಡ್‌ಗೆ ನಾಲ್ಕೇ ಜನ ಅಂತ ವಾಟ್ಸಾಪ್‌ನಲ್ಲಿ ಅವರೇ ಬರೆದು ಕಳಿಸಿದ್ದರು. ಎರಡು ಡೈವ್‌ಗೆ ತಲೆಗೆ ಏಳು ಸಾವಿರದ ಮೇಲೆ. ಬೆಳಿಗ್ಗೆ ಹೋಗಿ ನೋಡಿದರೆ ದೋಣಿ ತುಂಬ ಜನ. ಅರ್ಧಕ್ಕರ್ಧ ಮೊದಲ ಸಲ ಇಳಿಯುವವರು, ಇಬ್ಬರು ಇನ್ನೂ ಕೋರ್ಸ್ ಮಾಡುತ್ತಿದ್ದ ಹುಡುಗರು, ಉಳಿದವರು ನಮ್ಮಂಥವರು. ಹೊರಟ ಮೇಲೆ ಗೈಡ್ ಹೇಳಿದ, ಇವತ್ತು ಡಿಕ್ಸನ್ಸ್‌ನಲ್ಲಿ ಸೆಳೆತ ಜಾಸ್ತಿ ಇದೆ, ಲೈಟ್‌ಹೌಸ್‌ಗೆ ಹೋಗೋಣ ಅಂತ. ಲೈಟ್‌ಹೌಸ್ ಅಂದರೆ ದ್ವೀಪದ ಉತ್ತರ ತುದಿಯ ಹತ್ತಿರದ ಸೈಟ್. ಹೆಚ್ಚು ಆಳವಿಲ್ಲ, ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಒಬ್ಬ ಗೈಡ್ ಹಿಂದೆ ನಾವು ಎಂಟು ಜನ. ಮುಂದಿನವರ ಕಾಲಿನ ಫಿನ್ (ಈಜುರೆಕ್ಕೆ) ಬಡಿದು ಮರಳೆದ್ದು ನೀರು ಕಲಸಿದ ಅಂಬಲಿಯಂತಾಗಿತ್ತು. ಒಬ್ಬರ ಗಾಳಿ ಬೇಗ ಮುಗಿಯಿತು ಅಂತ ಅರ್ಧ ಗಂಟೆಗೇ ಎಲ್ಲರನ್ನೂ ಮೇಲಕ್ಕೆ ಕರೆದುಕೊಂಡು ಬಂದರು. ನನ್ನ ಟ್ಯಾಂಕ್‌ನಲ್ಲಿ ಇನ್ನೂ 120 ಬಾರ್ ಗಾಳಿ, ಅಂದರೆ ಅರ್ಧಕ್ಕಿಂತ ಹೆಚ್ಚು, ಉಳಿದಿತ್ತು. ಎರಡನೇ ಡೈವ್ ಕೂಡ ಅದೇ ಜಾಗದಲ್ಲೇ, ಸ್ವಲ್ಪ ಆಚೆಗೆ.

ವಾಪಸ್ ಬಂದು ಹಣ ಕೇಳಿದರೆ, ಸಮುದ್ರ ನಮ್ಮ ಕೈಯಲ್ಲಿದೆಯಾ ಸಾರ್ ಅಂದರು. ಆ ಮಾತು ಸುಳ್ಳಲ್ಲ. ಸೆಳೆತ ಇದ್ದರೆ ಯಾವ ಒಳ್ಳೆಯ ಗೈಡ್ ಕೂಡ ಸೈಟ್ ಬದಲಿಸುತ್ತಾನೆ, ಬದಲಿಸಲೇಬೇಕು. ಆದರೆ ಅವತ್ತು ಸೆಳೆತ ಇರಲಿಲ್ಲ. ಅದು ಗೊತ್ತಾಗಿದ್ದು ಮಧ್ಯಾಹ್ನ ಊಟಕ್ಕೆ ಕೂತಾಗ.

ಊಟದ ಜಾಗದ ಬಗ್ಗೆ ಹೇಳಲೇಬೇಕು. ಗೋವಿಂದ ನಗರದ ಬಜಾರು, ಅಂದರೆ ಅಲ್ಲಿನವರು 3ನೇ ನಂಬರ್ ಅನ್ನುವ ಜಾಗ. ತರಕಾರಿ ಅಂಗಡಿ ಸಾಲಿನ ಹಿಂದೆ ತಗಡಿನ ಮಾಡು, ನಾಲ್ಕು ಬೆಂಚು, ಬೋರ್ಡಿಲ್ಲ. ನಡೆಸುವುದು ಒಂದು ಬಂಗಾಳಿ ಸಂಸಾರ. ದೇಶ ವಿಭಜನೆಯಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಇಲ್ಲಿ ಜಮೀನು ಕೊಟ್ಟು ಕೂರಿಸಿತ್ತು. ಊರಿನ ಹಳಬರೆಲ್ಲ ಬಹುತೇಕ ಆ ಮನೆತನದವರೇ, ಅಡುಗೆಯೂ ಹಾಗೇ. ಅಡುಗೆ ಮಾಡುವ ಹೆಂಗಸನ್ನು ಎಲ್ಲರೂ ಮಾಶಿ ಅಂತಾರೆ. ಸ್ಟೀಲ್ ತಟ್ಟೆಯಲ್ಲಿ ಅನ್ನ, ಅದರ ಪಕ್ಕ ತೆಳ್ಳಗಿನ ಮಸೂರ್ ಬೇಳೆ, ಅರಿಶಿನ ಉಪ್ಪು ಸವರಿ ಹುರಿದ ದಪ್ಪ ಬದನೆಕಾಯಿ ಬಿಲ್ಲೆ, ಕಡ್ಡಿಯಂತೆ ಹೆಚ್ಚಿ ಗರಿಗರಿ ಹುರಿದ ಆಲೂಗಡ್ಡೆ, ಸಣ್ಣ ಬಟ್ಟಲಲ್ಲಿ ಸಾಸಿವೆ ಅರೆದು ಮಾಡಿದ ಸುರ್ಮಾಯಿ ಮೀನಿನ ಸಾರು. ಸುರ್ಮಾಯಿ ಅಂದರೆ ನಮ್ಮ ಕರಾವಳಿಯ ಅಂಜಲ್. ಮೀನು ಆ ದಿನದ್ದು, ಮುಟ್ಟಿದರೆ ಪದರ ಪದರ ಬಿಡುತ್ತಿತ್ತು. ಅನ್ನ, ಬೇಳೆ ಎಷ್ಟು ಬೇಕಾದರೂ ಬಡಿಸುತ್ತಾರೆ. ಕೊನೆಗೆ ಮಾವಿನಕಾಯಿಯ ಸಿಹಿ ಹುಳಿ ಚಟ್ನಿ. ಮೀನೂಟ 250 ರೂಪಾಯಿ, ಬರೀ ತರಕಾರಿ ಊಟ 150. ಬೀಚ್ ರೆಸಾರ್ಟ್‌ನಲ್ಲಿ ಇದೇ ಸುರ್ಮಾಯಿಯ ಒಂದು ತುಂಡಿಗೆ 700 ತೆತ್ತು ಬಂದ ಮೇಲೆ ನಮಗೆ ಆ ಬೆಂಚು ಬಿಟ್ಟು ಏಳುವ ಮನಸ್ಸಾಗುತ್ತಿರಲಿಲ್ಲ. ಸಾಸಿವೆ ಎಣ್ಣೆ ವಾಸನೆ ಆಗದವರು ಮೊದಲೇ ಹೇಳಿದರೆ ಬೇರೆ ಎಣ್ಣೆಯಲ್ಲಿ ಮೊಟ್ಟೆ ಹುರಿದು ಕೊಡುತ್ತಾರೆ. ಒಂದೂವರೆಯೊಳಗೆ ಹೋಗಿ, ಆಮೇಲೆ ಮೀನು ಖಾಲಿ.

ಡೈವಿಂಗ್ ಮಾಡುವ ಹುಡುಗರು, ದೋಣಿಯವರು, ಇನ್‌ಸ್ಟ್ರಕ್ಟರ್‌ಗಳು ಊಟಕ್ಕೆ ಬರುವುದು ಅಲ್ಲಿಗೇ. ಪಕ್ಕದ ಬೆಂಚಿನಲ್ಲಿದ್ದ ಪುಣೆಯ ಇಬ್ಬರು ಅದೇ ಬೆಳಿಗ್ಗೆ ಡಿಕ್ಸನ್ಸ್‌ಗೆ ಹೋಗಿ ಬಂದಿದ್ದರು. ಕೈಯಲ್ಲಿದ್ದ ಡೈವ್ ಕಂಪ್ಯೂಟರ್ ತೋರಿಸಿದರು: 29 ಮೀಟರ್, 41 ನಿಮಿಷ. ಸೆಳೆತ ಹೇಗಿತ್ತು ಅಂತ ಕೇಳಿದೆ. ಹಗ್ಗವನ್ನೇ ಹಿಡಿಯದೆ ಇಳಿದೆವು ಅಂದರು.

ವಿಷಯ ಇಷ್ಟೇ. ದೋಣಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಅದರಲ್ಲಿರುವ ಅತ್ಯಂತ ಹೊಸಬ. ಓಪನ್ ವಾಟರ್ ಕಾರ್ಡ್‌ಗೆ 18 ಮೀಟರ್ ಮಿತಿ, ಅಡ್ವಾನ್ಸ್ಡ್‌ಗೆ 30. ಮೊದಲ ಸಲ ಇಳಿಯುವವರಿಗೆ ಅದಕ್ಕಿಂತ ಬಹಳ ಕಡಿಮೆ. ಡಿಕ್ಸನ್ಸ್ ಪಿನಾಕಲ್‌ನ ಬಂಡೆಯ ತಲೆಯೇ ಸುಮಾರು 18 ಮೀಟರ್ ಆಳದಲ್ಲಿದೆ, ಜಾನೀಸ್ ಗಾರ್ಜ್ ಅನ್ನುವ ಇನ್ನೊಂದು ಸೈಟ್ ಅದಕ್ಕಿಂತ ಆಳ. ಒಂದೇ ದೋಣಿಯಲ್ಲಿ ಎಲ್ಲರನ್ನೂ ತುಂಬಿದರೆ ಆ ದೋಣಿ ಅಲ್ಲಿಗೆ ಹೋಗುವ ಮಾತೇ ಇಲ್ಲ. ಅಂಗಡಿಯವರಿಗೆ ಹಿಂದಿನ ರಾತ್ರಿಯೇ ಅದು ಗೊತ್ತಿರುತ್ತದೆ.

ಹತ್ತಿರದ ಸೈಟ್‌ಗೆ ಹೋದರೆ ಏನಾಯ್ತು ಅನ್ನಬೇಡಿ. 2010ರಲ್ಲಿ ಸಮುದ್ರದ ನೀರು ಬಿಸಿಯಾಗಿ ಅಂಡಮಾನ್‌ನ ಬಹಳಷ್ಟು ಹವಳಗಳು ಬಿಳಿಚಿಕೊಂಡು ಸತ್ತವು. ಹೆಚ್ಚು ಪೆಟ್ಟು ತಿಂದದ್ದು ಆಳವಿಲ್ಲದ ಕಡೆಯ ಹವಳ. ದಂಡೆಯ ಹತ್ತಿರ ಇವತ್ತಿಗೂ ಬೂದುಬಣ್ಣದ ಮುರಿದ ಕೊಂಬೆಗಳ ರಾಶಿ ಕಾಣುತ್ತದೆ. ಅದರ ಮಧ್ಯೆ ಅಲ್ಲಲ್ಲಿ ಹೊಸದು ಚಿಗುರುತ್ತಿದೆ. ಅದನ್ನು ನೋಡಿ ನನಗೆ ಸಂತೋಷವೇ ಆಯಿತು. ಆದರೆ ಹ್ಯಾವ್‌ಲಾಕ್‌ನ ಹೆಸರು ಉಳಿದಿರುವುದು ದೂರದ ಬಂಡೆಗಳ ಮೀನಿನ ಹಿಂಡುಗಳಿಂದ. ಏಳು ಸಾವಿರ ಕೊಡುವುದು ಅದಕ್ಕೆ.

ಹಾಗಾಗಿ ದರ ಕೇಳುವ ಮುಂಚೆ ಇದನ್ನು ಕೇಳಿ. ನಾಳೆಯ ದೋಣಿಯಲ್ಲಿ ಟ್ರಯಲ್ ಡೈವ್‌ನವರು, ಕೋರ್ಸ್‌ನವರು ಇದ್ದಾರಾ? ಇದ್ದರೆ ಅವರಿಗೆ ಬೇರೆ ದೋಣಿಯಾ? ನನ್ನ ಗೈಡ್ ಹಿಂದೆ ಎಷ್ಟು ಜನ? ಸೈಟ್ ಬದಲಾದರೆ ನನಗೆ ಇನ್ನೊಂದು ದಿನ ಕೊಡುತ್ತೀರಾ, ಹಣ ಕೊಡುತ್ತೀರಾ? ಉತ್ತರವನ್ನು ಮೆಸೇಜ್‌ನಲ್ಲೇ ಬರೆಸಿಕೊಳ್ಳಿ. ಇನ್ನೊಂದು ಗುರುತು ಇದೆ. ನಮ್ಮ ಹುಡುಗನಿಗೆ ಡಿಕ್ಸನ್ಸ್‌ಗೆಂದು ಹಣ ಕಟ್ಟಿಸಿಕೊಂಡ ಅಂಗಡಿ ಅವನ ಕಾರ್ಡ್ ಯಾವ ಮಟ್ಟದ್ದು ಅಂತ ಕೇಳಲೇ ಇಲ್ಲ. ಆಳಕ್ಕೆ ಕರೆದೊಯ್ಯುವ ಉದ್ದೇಶ ಇರುವವರು ಕಾರ್ಡ್ ನೋಡದೆ ಬಿಡುವುದಿಲ್ಲ.

ಆಮೇಲೆ ನಾವು ಹೋದ ಅಂಗಡಿಯಲ್ಲಿ ಮೊದಲು ಕೇಳಿದ್ದೇ ಕಾರ್ಡ್, ಲಾಗ್ ಬುಕ್, ಕೊನೆಯ ಡೈವ್ ಯಾವಾಗ ಅಂತ. ಮೊದಲ ದಿನ ಜೆಟ್ಟಿ ಕಡೆಯ ದಿ ವಾಲ್‌ನಲ್ಲಿ ಇಳಿಸಿ ನಮ್ಮ ತೇಲುವಿಕೆ, ಗಾಳಿ ಖರ್ಚು ನೋಡಿದರು. ಹುಡುಗನನ್ನು ಇನ್‌ಸ್ಟ್ರಕ್ಟರ್ ಜೊತೆ ಆಳದ ಡೈವ್ ತರಬೇತಿಗೆ ಹಾಕಿದರು. ಅದಕ್ಕೆ ಬೇರೆ ದುಡ್ಡು, ಆದರೆ ಸರಿಯಾದ ದುಡ್ಡು. ಒಂದು ದಿನ ಹೋಯಿತು ಅಂತ ಸಿಡಿಮಿಡಿಗೊಳ್ಳುವವರು ದೋಣಿಯಲ್ಲಿದ್ದರು. ನನ್ನ ಮಟ್ಟಿಗೆ ಅದೇ ಒಳ್ಳೆಯ ಅಂಗಡಿಯ ಲಕ್ಷಣ.

ಸಲಕರಣೆ ಬಾಡಿಗೆಗೆ ತೆಗೆದುಕೊಳ್ಳುವವರು ದಡದಲ್ಲೇ ನೋಡಿಕೊಳ್ಳಿ, ದೋಣಿ ಹೊರಟ ಮೇಲೆ ಬದಲಿಸಲು ಆಗದು. ಟ್ಯಾಂಕ್ ತೆರೆದು, ಉಸಿರೆಳೆಯುವ ರೆಗ್ಯುಲೇಟರ್ ಬಾಯಿಗಿಟ್ಟು, ಗಾಳಿಯ ಒತ್ತಡ ತೋರಿಸುವ ಗೇಜ್ ಮೇಲೆ ಕಣ್ಣಿಟ್ಟು ನಾಲ್ಕು ಸಲ ಜೋರಾಗಿ ಉಸಿರೆಳೆಯಿರಿ. ಮುಳ್ಳು 200ರ ಹತ್ತಿರ ಅಲ್ಲಾಡದೆ ನಿಂತರೆ ಸರಿ. ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮತ್ತೆ ಮೇಲೇರಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಗಾಳಿಗೆ ಎಣ್ಣೆ ವಾಸನೆ, ಹೊಗೆ ವಾಸನೆ ಇದ್ದರೆ ಆ ಟ್ಯಾಂಕ್ ಬೇಡವೇ ಬೇಡ. ಬಿಸಿಡಿಗೆ (ಗಾಳಿ ತುಂಬಿ ತೇಲಿಸುವ ಜಾಕೆಟ್‌ಗೆ) ಗಾಳಿ ತುಂಬಿ ಐದು ನಿಮಿಷ ಬಿಡಿ, ಮೆತ್ತಗಾದರೆ ಬೇರೆ ಕೇಳಿ. ಮೊದಲ ಅಂಗಡಿಯಲ್ಲಿ ನನಗೆ ಕೊಟ್ಟಿದ್ದ ಬಿಸಿಡಿಯ ಇನ್‌ಫ್ಲೇಟರ್ (ಗಾಳಿ ತುಂಬುವ) ಗುಂಡಿ ಒತ್ತದೆಯೇ ಸುಯ್ ಅನ್ನುತ್ತಿತ್ತು. ಗುಂಡಿಯ ಸುತ್ತ ಉಪ್ಪು ಬಿಳಿ ಪುಡಿಯಾಗಿ ಕಟ್ಟಿಕೊಂಡಿತ್ತು, ಸಿಹಿನೀರಲ್ಲಿ ತೊಳೆದು ಎಷ್ಟು ಕಾಲವಾಗಿತ್ತೋ. ಮಾಸ್ಕ್, ಡೈವ್ ಕಂಪ್ಯೂಟರ್ ಸ್ವಂತದ್ದು ಇದ್ದರೆ ಒಯ್ಯಿರಿ.

ಡಿಕ್ಸನ್ಸ್‌ಗೆ ನಮ್ಮ ಡುಂಗಿ ಒಂದು ಗಂಟೆ ಮೇಲೆ ತೆಗೆದುಕೊಂಡಿತು. ಡುಂಗಿ ಅಂದರೆ ಇಲ್ಲಿನ ಉದ್ದನೆಯ ಮರದ ದೋಣಿ, ಡೀಸೆಲ್ ಎಂಜಿನ್, ಮಾತಾಡಿದರೆ ಕೇಳಿಸದಷ್ಟು ಸದ್ದು. ಡಿಕ್ಸನ್, ಜಾನಿ, ಜಾಕ್ಸನ್ ಅನ್ನುವ ಸೈಟ್‌ಗಳ ಹೆಸರು ಇಲ್ಲಿನ ಕರೆನ್ ಸಮುದಾಯದ ಡೈವರ್‌ಗಳದ್ದು. ಬ್ರಿಟಿಷರು 1925ರಲ್ಲಿ ಬರ್ಮಾದಿಂದ ಕರೆತಂದು ಮಾಯಾಬಂದರ್ ಕಡೆ ನೆಲೆಗೊಳಿಸಿದ ಜನ ಇವರು, ಈ ಸಮುದ್ರ ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ನಮ್ಮ ಗೈಡ್ ಕೂಡ ಕರೆನ್ ಹುಡುಗ. ದೋಣಿಯಿಂದ ಬಾಗಿ ನೀರಿನ ಮೇಲ್ಮೈ ನೋಡಿಯೇ ಸೆಳೆತ ಯಾವ ಕಡೆಗಿದೆ ಅಂತ ಹೇಳಿಬಿಟ್ಟ.

ಇಳಿಯುತ್ತಾ ಮೊದಲು ಏನೂ ಕಾಣುವುದಿಲ್ಲ, ಬರೀ ನೀಲಿ. ಹತ್ತು ಮೀಟರ್ ದಾಟಿದ ಮೇಲೆ ಬಂಡೆಯ ತಲೆ ಮಸುಕಾಗಿ ಮೂಡುತ್ತದೆ. ಅದರ ಮೇಲೆ ಹಾಸಿದ ಹಾಗೆ ಸೀ ಅನಿಮೋನ್‌ಗಳು, ಪ್ರತಿಯೊಂದರಲ್ಲೂ ಕ್ಲೌನ್ ಮೀನಿನ ಸಂಸಾರ. ಬಂಡೆಯ ಸುತ್ತ ಹಳದಿ ಮೈಗೆ ನೀಲಿ ಗೀರಿನ ಸ್ನ್ಯಾಪರ್ ಹಿಂಡು. ನಾವು ಹತ್ತಿರ ಹೋದರೆ ಸರಿದು ದಾರಿ ಬಿಟ್ಟು, ಹಿಂದೆ ಮತ್ತೆ ಕೂಡಿಕೊಳ್ಳುತ್ತಿತ್ತು. ಒಮ್ಮೆಗೇ ಆ ಹಿಂಡು ಎರಡು ಭಾಗವಾಗಿ ಸೀಳಿತು, ಮಧ್ಯದಿಂದ ಟ್ರೆವಲಿಗಳು ನುಗ್ಗಿ ಬಂದವು. ಹುಡುಗ ನನ್ನ ತೋಳು ಹಿಡಿದು ಜಗ್ಗಿದ. ಮೇಲೆ ಬಂದು ರೆಗ್ಯುಲೇಟರ್ ತೆಗೆದವನೇ, "ಚಿಕ್ಕಪ್ಪಾ, ನಾಳೆನೂ ಇಲ್ಲಿಗೇ ಬರೋಣ, ಬೇರೆಲ್ಲೂ ಬೇಡ" ಅಂದ. ಬಂದೆವು ಕೂಡ.

ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ಕಾರ್ಡ್ ಇರುವವರು ಇಲ್ಲಿ ತಪ್ಪದೆ ಬಳಸಿ. 30 ಮೀಟರ್‌ನಲ್ಲಿ ಸಾಮಾನ್ಯ ಗಾಳಿಯಲ್ಲಿ, ಮೇಲೇರುವಾಗ ಕಡ್ಡಾಯವಾಗಿ ನಿಲ್ಲಬೇಕಾಗದಂತೆ, ಇರಬಹುದಾದದ್ದು ಡೈವ್ ಟೇಬಲ್ ಪ್ರಕಾರ 20 ನಿಮಿಷ, 32 ಪರ್ಸೆಂಟ್ ನೈಟ್ರಾಕ್ಸ್‌ನಲ್ಲಿ 30. ಮೀನು ನೋಡುವ ಆ ಹತ್ತು ನಿಮಿಷಕ್ಕೆ ಕೊಡುವ ಹೆಚ್ಚುವರಿ ಹಣ ಏನೂ ಅಲ್ಲ. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲೇ ಕೇಳಿಕೊಳ್ಳಿ.

ಬೆಳಿಗ್ಗೆ ಆರಕ್ಕೆ ಹೊರಡುವ ದೋಣಿಯನ್ನೇ ಆರಿಸಿಕೊಳ್ಳಿ. ಅಂಡಮಾನ್‌ನಲ್ಲಿ ಬೇಗ ಬೆಳಕು ಹರಿಯುತ್ತದೆ. ನನಗೆ ನೀರೊಳಗೆ ಜನಜಂಗುಳಿ ಸಹಿಸಲಾಗದು. ನಾವು ಮೇಲೆ ಬರುವಾಗ ಇನ್ನೆರಡು ದೋಣಿಗಳು ಬಂದು ನಿಂತಿದ್ದವು, ಆಮೇಲೆ ಇಳಿದಿದ್ದರೆ ನಾನು ಈ ಜಾಗವನ್ನು ಇಷ್ಟು ಹೊಗಳುತ್ತಿರಲಿಲ್ಲ. ಇದೇ ಕಾರಣಕ್ಕೆ ರಾಧಾನಗರ ಬೀಚ್‌ಗೆ ಸಂಜೆ ಹೋಗಿ ಅಂತ ಕೂಡ ಹೇಳಲಾರೆ. ದೋಣಿಯಲ್ಲಿ ತಲೆ ಸುತ್ತುವವರು ಅವೊಮಿನ್ ಮಾತ್ರೆಯನ್ನು ಊರಲ್ಲೇ ಒಮ್ಮೆ ತೆಗೆದುಕೊಂಡು ನೋಡಿ. ಅದು ಮಂಪರು ತರಿಸುತ್ತದೆ, ಮಂಪರಿನಲ್ಲಿ ನೀರಿಗಿಳಿಯಬಾರದು.

ವಿಜಯನಗರದ ಬೀಚ್ ಪಕ್ಕ 5,500 ಕೊಟ್ಟು ಬಿದಿರಿನ ಗುಡಿಸಲು ಹಿಡಿದಿದ್ದೆವು. ಸ್ನಾನದ ನೀರು ಉಪ್ಪು, ಕರೆಂಟ್ ಹೋದಾಗಲೆಲ್ಲ ಕಿಟಕಿ ಕೆಳಗೇ ಜನರೇಟರ್. ಇಳಿತದ ಹೊತ್ತಿಗೆ ನೀರು ಬಹಳ ದೂರ ಹಿಂದೆ ಸರಿದು ಬರೀ ಕಲ್ಲು ಕೊರಕಲು, ಈಜುವ ಹಾಗೂ ಇಲ್ಲ. ಡೈವಿಂಗ್‌ಗೆ ಹೋದವರು ಹಗಲೆಲ್ಲ ಸಮುದ್ರದಲ್ಲೇ ಇರುತ್ತೀರಿ, ಸಮುದ್ರ ಕಾಣುವ ಕೋಣೆಗೆ ಆ ಹಣ ದಂಡ. ಬಜಾರಿನ ಹತ್ತಿರ 1,800ಕ್ಕೆ ಸಿಹಿನೀರು, ಒದ್ದೆ ಸೂಟ್ ಒಣಗಿಸಲು ತಂತಿ ಇರುವ ಕೋಣೆ ಸಿಕ್ಕಿತು, ಮಾಶಿಯ ಊಟಕ್ಕೂ ಎರಡು ಹೆಜ್ಜೆ.

ಇನ್ನು ವಾಪಸಾಗುವ ಲೆಕ್ಕ, ಇದರಲ್ಲಿ ಸಡಿಲ ಬೇಡ. ದಿನಕ್ಕೆ ಒಂದಕ್ಕಿಂತ ಹೆಚ್ಚು ಡೈವ್, ಅಥವಾ ಸತತ ದಿನಗಳ ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಕಳೆಯಬೇಕು. ನಾನು 24 ಇಟ್ಟುಕೊಳ್ಳುತ್ತೇನೆ. ವಿಮಾನದ ಒಳಗಿನ ಒತ್ತಡ ನೆಲದ ಮೇಲಿನದಕ್ಕಿಂತ ಕಡಿಮೆ, ಮೈಯಲ್ಲಿ ಉಳಿದ ಸಾರಜನಕ ಅಲ್ಲಿ ಗುಳ್ಳೆಯಾಗಬಹುದು. ಹ್ಯಾವ್‌ಲಾಕ್‌ನಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ, ಆ ಗುಳ್ಳೆಗಳಿಗೆ ಚಿಕಿತ್ಸೆ ಕೊಡುವ ಒತ್ತಡದ ಕೋಣೆ ಇರುವುದು ಪೋರ್ಟ್ ಬ್ಲೇರ್‌ನ (ಈಗಿನ ಹೆಸರು ಶ್ರೀ ವಿಜಯಪುರಂ) ನೌಕಾಪಡೆ ಆಸ್ಪತ್ರೆಯಲ್ಲಿ. ನಿಮ್ಮ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಮೀಟರ್‌ವರೆಗೆ ಅಂತ ಓದಿ ನೋಡಿ.

ಹಾಗಾಗಿ ಕೊನೆಯ ಡೈವ್ ಆದ ಮಾರನೇ ದಿನ ಹಡಗು ಹತ್ತಿ ಪೋರ್ಟ್ ಬ್ಲೇರ್‌ಗೆ ಬಂದು, ಅಲ್ಲೇ ರಾತ್ರಿ ಉಳಿದು, ಅದರ ಮಾರನೇ ದಿನ ವಿಮಾನ. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ಆಗಲೂ ಈ ಒಂದು ದಿನ ಕಾಪಾಡುತ್ತದೆ. ಖಾಸಗಿ ಹಡಗಿನ ಮುಚ್ಚಿದ ಎಸಿ ಒಳಗೆ ನನ್ನ ಪಕ್ಕದವರೆಲ್ಲ ಚೀಲ ಹಿಡಿದು ಕೂತಿದ್ದರು. ಸರ್ಕಾರಿ ಹಡಗು ನಿಧಾನ, ಟಿಕೆಟ್‌ನಲ್ಲಿ ದ್ವೀಪದವರಿಗೆ ಮೊದಲ ಆದ್ಯತೆ. ಆದರೂ ಡೆಕ್ ಮೇಲೆ ಗಾಳಿಗೆ ನಿಂತು ಬರಬಹುದು, ದರವೂ ಕಡಿಮೆ. ಖಾಸಗಿಯದಕ್ಕೆ ಹ್ಯಾಡೋ ಜೆಟ್ಟಿ, ಸರ್ಕಾರಿಯದಕ್ಕೆ ಫೀನಿಕ್ಸ್ ಬೇ, ಆಟೋದವರಿಗೆ ಸರಿಯಾಗಿ ಹೇಳಿ. ದಂಡೆಯಲ್ಲಿ ಬಿದ್ದ ಹವಳದ ಚೂರನ್ನು ಯಾರೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಏರ್‌ಪೋರ್ಟ್‌ನಲ್ಲಿ ಚೀಲ ಬಿಚ್ಚಿಸುತ್ತಾರೆ.