ನಂಬರ್ 147

ಎಂಬಿಎ ಎರಡನೇ ಸೆಮಿಸ್ಟರಿನಲ್ಲಿ ನಮಗೆ ಎಂಐಎಸ್ ಅಂತ ಒಂದು ಪೇಪರು ಇತ್ತು. ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ಸ್. ಫೈನಾನ್ಸ್ ತಗೊಂಡವರು ಅದನ್ನು ಕಂಪ್ಯೂಟರಿನವರ ಪೇಪರು ಅಂತಿದ್ದರು. ಇಂಜಿನಿಯರಿಂಗ್ ಮುಗಿಸಿ ಬಂದವರು ಇದರಲ್ಲಿ ಕಂಪ್ಯೂಟರು ಎಲ್ಲಿದೆ ಅಂತ ನಗುತ್ತಿದ್ದರು. ಮಂಡ್ಯ ಕಡೆಯ ಹಳ್ಳಿಯಿಂದ ಬಿಕಾಂ ಮಾಡಿಕೊಂಡು ಮೈಸೂರಿನ ಹಾಸ್ಟೆಲು ಸೇರಿದ್ದ ನನಗೆ ಎರಡೂ ಗುಂಪಿನಲ್ಲಿ ಜಾಗ ಇರಲಿಲ್ಲ. ಬರೆದುಕೊಂಡು ಓದಿ ಪಾಸಾದರೆ ಸಾಕು ಅನ್ನುವ ಲೆಕ್ಕದಲ್ಲಿದ್ದೆ.

ಮೊದಲ ಕ್ಲಾಸಿನಲ್ಲೇ ಮೇಡಂ ಬೋರ್ಡಿನ ಮೇಲೊಂದು ತ್ರಿಕೋನ ಬರೆದರು. ತಳದಲ್ಲಿ ದಿನದಿನದ ವಹಿವಾಟು ದಾಖಲಾಗುವ ವ್ಯವಸ್ಥೆ, ಅದರ ಮೇಲೆ ಮ್ಯಾನೇಜರುಗಳಿಗೆ ವರದಿ ಕೊಡುವಂಥದ್ದು, ಅದಕ್ಕೂ ಮೇಲೆ ತೀರ್ಮಾನಕ್ಕೆ ನೆರವಾಗುವಂಥದ್ದು, ತುದಿಯಲ್ಲಿ ಎಂ.ಡಿ. ಸಾಹೇಬರು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡುವ ನಾಲ್ಕೇ ನಾಲ್ಕು ಸಂಖ್ಯೆ. ಮೂರನೇ ವಾರಕ್ಕೆ ಕೇಸ್ ಸ್ಟಡಿ ಬಂತು: ಅಮುಲ್. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಶುರುವಾದ ಹಾಲಿನ ಒಕ್ಕೂಟ, ಹಳ್ಳಿಯ ಸಂಘಗಳಿಗೆ ಬಂದ ಎಲೆಕ್ಟ್ರಾನಿಕ್ ತಕ್ಕಡಿ, ಫ್ಯಾಟ್ ಅಳೆಯುವ ಮಿಷಿನ್ನು, ಅದಕ್ಕೆ ಜೋಡಿಸಿದ ಕಂಪ್ಯೂಟರು. ಮೊದಲು ಫ್ಯಾಟಿನ ಲೆಕ್ಕ ಗೊತ್ತಾಗಲು ರೈತ ಕಾಯಬೇಕಿತ್ತು, ಈಗ ಹಾಲು ಸುರಿದ ಕೂಡಲೇ ಚೀಟಿ ಕೈಗೆ ಬರುತ್ತದೆ ಅಂತ ಮೇಡಂ ವಿವರಿಸಿದರು. "ನಿಮ್ಮಲ್ಲಿ ಯಾರಾದರೂ ಹಾಲಿನ ಡೈರಿ ಒಳಗೆ ಹೋಗಿದ್ದೀರಾ?" ಅಂತ ಕೇಳಿದರು.

ಅರವತ್ತು ಜನರ ಕ್ಲಾಸಿನಲ್ಲಿ ಯಾರೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಏಳನೇ ಕ್ಲಾಸಿನಿಂದ ಪಿಯುಸಿ ಮುಗಿಯುವವರೆಗೆ ಸಂಜೆ ಹಾಲಿನ ಕ್ಯಾನು ಹೊತ್ತವಳು ನಾನೇ. ಆದರೆ ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೆ "ಅಪ್ಪಂದು ಟ್ರಾನ್ಸ್‌ಪೋರ್ಟ್" ಅಂತಿದ್ದೆ. ಅದೇನು ಸುಳ್ಳಲ್ಲ, ಅಪ್ಪ ಲಾರಿ ಓಡಿಸುತ್ತಿದ್ದರು. ಲಾರಿ ಮಾತ್ರ ಬೇರೆಯವರದು.

ಆಮೇಲೆ ಅಸೈನ್‌ಮೆಂಟು ಬಂತು. ಐದೈದು ಜನರ ತಂಡ, ಯಾವುದಾದರೂ ಒಂದು ನಿಜವಾದ ಸಂಸ್ಥೆಗೆ ಹೋಗಿ ಅಲ್ಲಿ ಮಾಹಿತಿ ಹೇಗೆ ಹರಿಯುತ್ತದೆ ಅಂತ ನೋಡಿ ಡೇಟಾ ಫ್ಲೋ ಡಯಾಗ್ರಾಂ ಬರೆಯಬೇಕು. ನಮ್ಮ ತಂಡದ ಬೆಂಗಳೂರಿನ ಹುಡುಗ ಮಾಲಿನ ಶೂ ಅಂಗಡಿಯೊಂದನ್ನು ಗೊತ್ತು ಮಾಡಿದ್ದ. ಅವರು ಹೆಡ್ ಆಫೀಸಿನ ಪರ್ಮಿಷನ್ ಬೇಕು ಅಂದು ಎರಡು ವಾರ ಓಡಾಡಿಸಿ ಕೊನೆಗೆ ಇಲ್ಲ ಅಂದರು. ಉಳಿದದ್ದು ಆರು ದಿನ. ಕ್ಯಾಂಟೀನಿನಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನನ್ನ ಬಾಯಿಂದ ಹೊರಗೆ ಬಂತು: "ನಮ್ಮೂರಲ್ಲಿ ಡೈರಿ ಇದೆ."

ಶನಿವಾರ ಸಂಜೆ ಬಸ್ಸಿಳಿದು ಮನೆ ಸೇರಿದೆವು. ಅವ್ವ ಮುದ್ದೆ, ಬಸ್ಸಾರು ಮಾಡಿದ್ದಳು. ಕುಂದಾಪುರದ ಹುಡುಗಿ ಮುದ್ದೆ ಅಗಿಯಲು ಹೋಗಿ ಹಲ್ಲಿಗೆಲ್ಲ ಅಂಟಿಸಿಕೊಂಡಳು. "ನುಂಗವ್ವಾ, ಅಗೀಬ್ಯಾಡ" ಅಂತ ಅವ್ವ ತೋರಿಸಿಕೊಟ್ಟಳು. ಅಲಾರಂ ಇಡಬೇಡಿ, ನಾನೇ ಎಬ್ಬಿಸ್ತೀನಿ ಅಂದು ಕೊಟ್ಟಿಗೆಗೆ ಹೋದಳು.

ಬೆಳಿಗ್ಗೆ ಐದಕ್ಕೆ ಎರಡು ಸೀಮೆ ಹಸುಗಳ ಹಾಲು ಕರೆದಾಗಿತ್ತು. ನಮ್ಮ ಡೈರಿ ಬಾಗಿಲು ತೆಗೆಯೋದು ಆರಕ್ಕೆ. ಅಷ್ಟು ಹೊತ್ತಿಗೆ ಜಗಲಿಯ ಮೇಲೆ ಕ್ಯಾನುಗಳು ಸಾಲಾಗಿ ಕೂತಿರುತ್ತವೆ, ಕ್ಯಾನಿನವರು ಎದುರಿನ ಅರಳಿಕಟ್ಟೆಯ ಮೇಲೆ. ಸ್ಟೀಲಿನವು, ಅಲ್ಯೂಮಿನಿಯಮ್ಮಿನವು, ಮುಚ್ಚಳ ಕಳೆದುಹೋಗಿ ಬಾಳೆಲೆ ಮುಚ್ಚಿದವು. ಬೆಂಗಳೂರಿನವನು ಅದನ್ನು ನೋಡಿ ಕುಶಿಯಿಂದ "ಫಿಫೋ" ಅಂತ ಬರೆದುಕೊಂಡ. ಮೊದಲು ಬಂದವರಿಗೆ ಮೊದಲು. ಆದರೆ ಅವ್ವ ಕ್ಯಾನನ್ನು ಸಾಲಿಗೆ ಇಡಲೇ ಇಲ್ಲ. ಕಂಬದ ಬುಡಕ್ಕೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಹತ್ತು ನಿಮಿಷ ಕಳೆದ ಮೇಲೆ ಕೆಳಬೀದಿಯ ಎಮ್ಮೆ ಅಜ್ಜಿ ಬಂದು ತನ್ನ ಪುಟ್ಟ ಕ್ಯಾನು ಇಟ್ಟಳು. ಇಟ್ಟಿದ್ದೇ ತಡ, ಅವ್ವನ ಕ್ಯಾನು ಅದರ ಹಿಂದೆ ಹೋಗಿ ಕೂತಿತು. ಇನ್ನೊಬ್ಬ ಹೆಂಗಸು ಅದೇ ಜಾಗಕ್ಕೆ ಕೈ ಚಾಚಿದ್ದವಳು ಮುಖ ಸಿಂಡರಿಸಿ ಹಿಂದೆ ಸರಿದಳು.

ಯಾಕೆ ಅಂತ ಕೇಳಿದೆ. ಅವ್ವ ದನಿ ತಗ್ಗಿಸಿದಳು. "ಎಮ್ಮೆ ಹಾಲು ಮಂದ ಅಲ್ವೇ? ಮಿಷಿನ್ ಪೈಪಲ್ಲಿ ವಸಿ ಉಳ್ಕಂಡಿರ್ತದೆ. ಅದ್ರ ಹಿಂದ್ಲೇ ನಮ್ದು ಹೋದ್ರೆ ಫ್ಯಾಟು ಒಂದ್ ಪಾಯಿಂಟು ಜಾಸ್ತಿ ತೋರ್ತದೆ ಕನವ್ವಾ."

ನಾನು ಅಷ್ಟು ವರ್ಷ ಕ್ಯಾನು ಹೊತ್ತಿದ್ದೆ, ಇದು ಗೊತ್ತಿರಲಿಲ್ಲ. ಸಂಜೆ ಸಾಲಿನಲ್ಲಿ ಎಮ್ಮೆ ಅಜ್ಜಿ ಇರುತ್ತಿರಲಿಲ್ಲ, ಅದಕ್ಕೇ ಇರಬೇಕು. ಆಮೇಲೆ ಟೆಸ್ಟರನ್ನು ಕೇಳಿದರೆ ಆತ ನಕ್ಕ. "ಎಲ್ಲಾ ಭ್ರಮೆ. ಪ್ರತಿ ಸಲ ಪೈಪು ತೊಳೀತೀನಲ್ಲಾ" ಅಂದ. ನಾನು ಎದುರಿಗೇ ನಿಂತು ನೋಡಿದೆ, ನೂಕುನುಗ್ಗಲು ಇದ್ದಾಗ ಪ್ರತಿ ಸಲ ತೊಳೆಯುತ್ತಿರಲಿಲ್ಲ. ಎಮ್ಮೆ ಹಾಲಿನ ಫ್ಯಾಟು ಆರೇಳು, ಸೀಮೆ ಹಸುವಿನದು ಮೂರೂವರೆ, ನಾಲ್ಕು. ಪೈಪಿನಲ್ಲಿ ಒಂದು ಗುಟುಕು ಉಳಿದರೂ ಅವ್ವನ ಲೆಕ್ಕ ಪೂರ್ತಿ ಸುಳ್ಳಾಗಲಾರದು. ನಮ್ಮ ಪಠ್ಯದಲ್ಲಿ "ಇನ್‌ಪುಟ್ ಎರರ್" ಅನ್ನುವುದಕ್ಕೆ, ಅಂದರೆ ಮಾಹಿತಿ ಒಳಗೆ ಹೋಗುವಾಗಲೇ ಆಗುವ ತಪ್ಪಿಗೆ, ಎರಡು ಪುಟ ಮೀಸಲಿತ್ತು. ಅದು ಯಾರ ಬೆನ್ನಿಗೆ ಬರುತ್ತದೆ ಅಂತ ಲೆಕ್ಕ ಹಾಕಿ ಜಾಗ ಹಿಡಿಯುವ ಹೆಂಗಸರ ವಿಚಾರ ಅಲ್ಲಿ ಇರಲಿಲ್ಲ.

ಬಾಗಿಲು ತೆಗೆದ ಮೇಲೆ ಕೆಲಸ ಬಿರುಸು. ಹಾಲು ತಕ್ಕಡಿಯ ಮೇಲಿನ ಪಾತ್ರೆಗೆ, ಅದರಿಂದ ಒಂದು ಸಣ್ಣ ಸೌಟು ಮಿಷಿನ್ನಿನ ಬಾಯಿಗೆ. ಮುಕ್ಕಾಲು ನಿಮಿಷ ಕಾಯುವುದು. ಕೆಂಪು ಅಂಕಿಗಳು ಮಿನುಗುತ್ತವೆ, ಬೆರಳಗಲದ ಚೀಟಿ ಕರಕರ ಅಂತ ಹೊರಗೆ ಬರುತ್ತದೆ. ನಾನು ಚಿಕ್ಕವಳಿದ್ದಾಗ ಇದೆಲ್ಲ ಇರಲಿಲ್ಲ. ಹಳೇ ಟೆಸ್ಟರ್ ಫ್ಯಾಟು ನೋಡಲು ಗಾಜಿನ ಬುಡ್ಡಿಗೆ 10 ಎಂಎಲ್ ಸಲ್ಫ್ಯೂರಿಕ್ ಆಸಿಡ್, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೊಹಾಲ್ ಹಾಕಿ ಗಿರಗಿರ ತಿರುಗಿಸುತ್ತಿದ್ದರು. ಅವರ ಎಲ್ಲ ಶರ್ಟುಗಳ ಹೊಟ್ಟೆಯ ಮೇಲೂ ಆಸಿಡ್ ಸುಟ್ಟ ಸಣ್ಣ ತೂತುಗಳು ಇರುತ್ತಿದ್ದವು. ಅದನ್ನು ನೋಡಿಯೇ ಅವರು ಡೈರಿಯವರು ಅಂತ ಪಕ್ಕದೂರಿನ ಸಂತೆಯಲ್ಲೂ ಗುರುತು ಹಿಡಿಯಬಹುದಿತ್ತು. ಹಾಲು ಎಷ್ಟು ಗಟ್ಟಿ, ನೀರು ಬೆರೆತಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರಿನಲ್ಲಿ ಬರುವ ಅಂಕಿಗೆ ನಮ್ಮ ಕಡೆ "ಡಿಗ್ರಿ" ಅನ್ನುತ್ತಾರೆ. ಡಿಗ್ರಿಯ ಕಾಲು ಭಾಗಕ್ಕೆ ಫ್ಯಾಟಿನ ಐದನೇ ಒಂದು ಭಾಗ ಸೇರಿಸಿ, ಮೇಲೊಂದು ಚೂರು ಕೂಡಿಸಿದರೆ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಅದು 8.5 ಇರಬೇಕು, ಫ್ಯಾಟು 3.5 ಇರಬೇಕು. ಇಳಿದರೆ ರೇಟೂ ಇಳಿಯುತ್ತದೆ. ನಾನು ಎಂಬಿಎ ಸೇರಿದಾಗ ಅವ್ವ ಡೈರಿಯಲ್ಲಿ "ನಮ್ಮ ಹುಡುಗಿಗೆ ಇನ್ನೊಂದು ಡಿಗ್ರಿ ಬತ್ತದಂತೆ" ಅಂದಿದ್ದಳಂತೆ. "ನೀರು ಗೀರು ಬೆರಸಿಲ್ಲ ತಾನೇ?" ಅಂತ ಎಮ್ಮೆ ಅಜ್ಜಿ ಕೇಳಿದ್ದಳಂತೆ.

"ನೂರ ನಲವತ್ತೇಳು!"

ಟೆಸ್ಟರ್ ಕೂಗಿದ. ಅವ್ವ ಹೋಗಿ ಹಾಲು ಸುರಿದಳು. 7.4 ಲೀಟರು, ಫ್ಯಾಟು 3.9, ಎಸ್‌ಎನ್‌ಎಫ್ 8.5. ಚೀಟಿ ಮಡಚಿ ಸೆರಗಿನ ಗಂಟಿಗೆ ಹಾಕಿಕೊಂಡು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಹೇಗೆ, ಎಮ್ಮೆ ಹಿಂದೆ ನಿಂತದ್ದು ಅನ್ನೋ ಹಾಗೆ.

ಡೈರಿಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಟೆಸ್ಟರಿಗೆ ಮಾತ್ರ ಅಲ್ಲ, ಹೆಂಗಸರ ನಡುವೆಯೂ ನಂಬರೇ. "ಎಪ್ಪತ್ತೆರಡರ ಹಸ ಕರು ಹಾಕ್ತಂತೆ", "ಇನ್ನೂರ ಆರರ ಮಗಳಿಗೆ ಗಂಡು ಬಂದಿತ್ತಂತೆ". ಕುಂದಾಪುರದವಳು ಇದನ್ನು ಕೇಳಿ ಪ್ರೈಮರಿ ಕೀ ಅಂತ ಕುಣಿದಾಡಿಬಿಟ್ಟಳು. ಡೇಟಾಬೇಸಿನಲ್ಲಿ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡುವ, ಎರಡು ಸಲ ಬರಕೂಡದ ಗುರುತು. ಪುಸ್ತಕ ಬರೆದವರು ಬಂದು ನೋಡಿದ್ದರೆ ಕಣ್ಣೀರು ಹಾಕುತ್ತಿದ್ದರು.

ಎಂಟು ಗಂಟೆಗೆ ಜನ ಕರಗಿದ ಮೇಲೆ ಸೆಕ್ರೆಟರಿ ನಮಗೆ ಸಾಫ್ಟ್‌ವೇರು ತೋರಿಸಿದರು. ಹದಿನೈದು ದಿನಕ್ಕೊಮ್ಮೆ ಬಟವಾಡೆ, ಅದರಲ್ಲಿ ಫೀಡ್ಸಿನ ಸಾಲ ಮುರಿದುಕೊಳ್ಳುವುದು, ಜಿಲ್ಲಾ ಒಕ್ಕೂಟಕ್ಕೆ ಹೋಗುವ ವರದಿ, ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನಕ್ಕೆ ಕಳಿಸುವ ಪಟ್ಟಿ. ಒಳ್ಳೆಯ ಮನುಷ್ಯ, ಎಲ್ಲವನ್ನೂ ತಾಳ್ಮೆಯಿಂದ ಹೇಳಿದರು. ಸದಸ್ಯರ ಪಟ್ಟಿ ತೋರಿಸುವಾಗ ನಾನೇ "147 ಹೊಡೀರಿ ಸಾರ್" ಅಂದೆ.

ಬಂದದ್ದು ಅಪ್ಪನ ಹೆಸರು. ಪುರುಷ. ಅಪ್ಪನ ಬ್ಯಾಂಕ್ ಖಾತೆ.

ಇದು ನನಗೆ ಗೊತ್ತಿಲ್ಲದ ವಿಷಯವೇನೂ ಆಗಿರಲಿಲ್ಲ. ಷೇರು ಅಪ್ಪನ ಹೆಸರಿನಲ್ಲಿದೆ, ಸಂಘದ ಚುನಾವಣೆಗೆ ಅಪ್ಪನೇ ಲಾರಿ ಬಿಟ್ಟು ಬಂದು ವೋಟು ಹಾಕಿ ಹೋಗುತ್ತಾರೆ. ಎರಡನೇ ಹಸುವಿನ ಸಾಲಕ್ಕೆ ಬ್ಯಾಂಕಿನವರು ಹಾಲು ಹಾಕಿದ ಲೆಕ್ಕ ಕೇಳಿದಾಗ ಲೆಕ್ಕ ಅಪ್ಪನ ಹೆಸರಿನಲ್ಲಿದ್ದ ಕಾರಣ ಅವರು ಮೂರು ದಿನದ ಟ್ರಿಪ್ಪು ಬಿಡಬೇಕಾಗಿ ಬಂತು, ಓನರು ಬೈದ. ಎಲ್ಲ ಗೊತ್ತಿತ್ತು. ಆದರೆ ಸ್ಕ್ರೀನಿನ ಮೇಲೆ, ಚೌಕದೊಳಗೆ, ಹದಿನೆಂಟು ವರ್ಷದ ಹಾಲು ಅಪ್ಪ ಹಾಕಿದ್ದು ಅಂತ ಇದ್ದದ್ದನ್ನು ನೋಡಿದ್ದು ಅವತ್ತೇ. ಅಪ್ಪನಿಗೆ ನಮ್ಮ ಕೆಂದ ಹಸುವನ್ನು ಕರೆಯಲು ಬರುವುದಿಲ್ಲ, ಒದೆಯುತ್ತದೆ.

ಬೆಳಿಗ್ಗೆ ನಮ್ಮ ಹುಡುಗರು ಸುಮ್ಮನೆ ಲೆಕ್ಕ ಇಟ್ಟಿದ್ದರು: ಹಾಲು ಹಾಕಲು ಬಂದವರು 112 ಜನ, ಅದರಲ್ಲಿ ಹೆಂಗಸರು 83. ಅದೇ 112 ನಂಬರುಗಳನ್ನು ಪಟ್ಟಿಯಲ್ಲಿ ಹುಡುಕಿದರೆ ಹೆಂಗಸರ ಹೆಸರಿನಲ್ಲಿ ಇದ್ದವು 26. ಮೇಲಕ್ಕೆ ಹೋಗುವುದು ಈ ಎರಡನೇ ಸಂಖ್ಯೆ. ತ್ರಿಕೋನದ ತುದಿಯಲ್ಲಿ ಕೂತವರು ಇದನ್ನು ನೋಡಿ ನಮ್ಮೂರಿನಲ್ಲಿ ಹಾಲು ಕರೆಯುವವರು ಗಂಡಸರು ಅಂದುಕೊಂಡರೆ ಅವರದೇನು ತಪ್ಪು? ಹೆಂಗಸರದೇ ಸಂಘಗಳು ರಾಜ್ಯದಲ್ಲಿ ಬೇಕಾದಷ್ಟಿವೆ. 1986-87ರಲ್ಲಿ ಶುರುವಾದ, ಹೆಂಗಸರಿಗೆ ತರಬೇತಿ, ಉದ್ಯೋಗ ಕೊಡಿಸುವ ಕೇಂದ್ರದ ಸ್ಟೆಪ್ ಯೋಜನೆಯಿಂದಲೂ ಎಷ್ಟೋ ಹುಟ್ಟಿಕೊಂಡವು. ನಮ್ಮೂರಿಗೆ ಅದು ಬರಲಿಲ್ಲ, ಅಷ್ಟೇ.

ಮಧ್ಯಾಹ್ನ ಪಡಸಾಲೆಯಲ್ಲಿ ಚಾರ್ಟು ಹಾಸಿಕೊಂಡು ಕೂತೆವು. ಚೌಕದಲ್ಲಿ "ಉತ್ಪಾದಕ", ಅಲ್ಲಿಂದ ಬಾಣ, ವೃತ್ತದಲ್ಲಿ "ಹಾಲು ಪರೀಕ್ಷೆ", ಇನ್ನೊಂದು ಬಾಣ. ಅವ್ವ ಅವರೆಕಾಯಿ ಸುಲಿಯುತ್ತಾ ಬಗ್ಗಿ ನೋಡಿದಳು. ಎಲ್ಲವನ್ನೂ ವಿವರಿಸಿದೆ. "ಸರಿ, ಹಸ ಎಲ್ಲಿ?" ಅಂದಳು. ಇದು ಮಾಹಿತಿಯ ಚಿತ್ರ ಆಂಟಿ, ಇದರಲ್ಲಿ ಹಸು ಬರಲ್ಲ ಅಂತ ಬೆಂಗಳೂರಿನವನು ಹೇಳಿದ. ಅವ್ವ "ಓ" ಅಂದು ಸಿಪ್ಪೆ ಎತ್ತಿಕೊಂಡು ಆ ಬರದಿದ್ದ ಹಸುಗಳ ಕಡೆ ಹೋದಳು.

ನಾನು ಚೌಕ ಒಡೆದು ಎರಡು ಮಾಡೋಣ ಅಂದೆ. ಹಾಲು ಹಾಕುವವರು ಒಂದು, ಸದಸ್ಯರು ಒಂದು. ಹಾಲು ಒಂದರಿಂದ ಬರುತ್ತದೆ, ದುಡ್ಡು ಇನ್ನೊಂದಕ್ಕೆ ಹೋಗುತ್ತದೆ. ಸಣ್ಣ ಜಗಳವೇ ಆಯಿತು. ಅದು ನಮ್ಮ ಸ್ಕೋಪಿನಲ್ಲಿಲ್ಲ, ಸಾಫ್ಟ್‌ವೇರಿನಲ್ಲಿ ಇಲ್ಲದ್ದನ್ನು ಹೇಗೆ ತೋರಿಸೋದು ಅಂತ ಅವನು. ಇಲ್ಲ ಅಂತಲೇ ತೋರಿಸಬೇಕಲ್ಲ ಅಂತ ನಾನು. ಕುಂದಾಪುರದವಳು ನನ್ನ ಕಡೆಗೆ ಬಂದಳು, ಉಳಿದ ಇಬ್ಬರಿಗೆ ಬಸ್ಸಿನ ಹೊತ್ತಾಗಿತ್ತು. ಒಡೆದೆವು.

ಪ್ರೆಸೆಂಟೇಶನ್ ದಿನ ನಾನು ಆ ಚೌಕಗಳ ಹತ್ತಿರ ಬಂದು "147 ನಮ್ಮವ್ವ" ಅಂದೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕಿವಿ ಬಿಸಿಯಾಯಿತು, ಆದರೆ ಹೇಳಿ ಮುಗಿಸಿದೆ, ಎಮ್ಮೆ ಅಜ್ಜಿಯ ಕತೆಯನ್ನೂ ಸೇರಿಸಿ. ಮೇಡಂ ರಸೆಲ್ ಆಕಾಫ್ ಅನ್ನುವವರ ವಿಚಾರ ಎತ್ತಿದರು. ಎಂಐಎಸ್ ಅನ್ನುವುದು ಕಂಪನಿಗಳಿಗೆ ಹೊಸ ಹುಚ್ಚು ಹಿಡಿಸಿದ್ದ ಕಾಲದಲ್ಲಿ, 1967ರಲ್ಲೇ, ಆತ ಅದನ್ನು ಮ್ಯಾನೇಜ್‌ಮೆಂಟ್ "ಮಿಸ್‌ಇನ್ಫರ್ಮೇಷನ್" ಸಿಸ್ಟಮ್ಸ್ ಅಂತ ಕಿಚಾಯಿಸಿ ಲೇಖನ ಬರೆದಿದ್ದರಂತೆ. ಮ್ಯಾನೇಜರುಗಳಿಗೆ ಬೇಕಾದ ಮಾಹಿತಿ ಸಾಲದು ಅನ್ನುವುದಕ್ಕಿಂತ ಬೇಡದ್ದು ಹೆಚ್ಚಾಗಿದೆ ಅನ್ನುವುದು ಅವರ ವಾದ. ನಮ್ಮ ಡೈರಿಗೆ ಅದು ಪೂರ್ತಿ ಹೊಂದುವುದಿಲ್ಲ, ಇಲ್ಲಿ ಬೇಕಾದದ್ದೇ ಇರಲಿಲ್ಲ. ಆದರೂ ಆ ಹೆಸರು ನನಗೆ ಬಹಳ ಹಿಡಿಸಿತು. ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂತು. ನಾಲ್ಕು ಕಳೆದದ್ದು ಒಂದೇ ಚಾರ್ಟಿನಲ್ಲಿ ಒಂದು ಕಡೆ ವೃತ್ತ, ಇನ್ನೊಂದು ಕಡೆ ಮೂಲೆ ದುಂಡಗಿನ ಚೌಕ ಬಳಸಿ ಎರಡು ಪದ್ಧತಿ ಬೆರೆಸಿದ್ದಕ್ಕೆ.

ಆ ಸಲ ರಜೆಗೆ ಬಂದಾಗ ಅಪ್ಪನಿಗೆ ಹೇಳಿದೆ. ಜಗಳ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. "ಮಾಡಿಸು, ನಂಗೂ ಓಡಾಟ ತಪ್ತದೆ" ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು. ಬೇಡ ಅಂದವಳು ಅವ್ವ. ಅವಳ ತಕರಾರು ಒಂದೇ: ಹೊಸದಾಗಿ ಸೇರಿದರೆ ನಂಬರು ಬದಲಾಗುತ್ತದೆ. ಹಳೇದನ್ನೇ ಇಟ್ಟುಕೊಳ್ಳಲು ಆಗುತ್ತಾ ಅಂತ ಸೆಕ್ರೆಟರಿಯನ್ನು ಕೇಳಿದೆ. ಅದು ಹಳೇ ಲೆಕ್ಕಕ್ಕೆ ಕಟ್ಟಿಕೊಂಡಿದೆಯಮ್ಮ, ಸಿಸ್ಟಮ್ಮು ಬಿಡಲ್ಲ ಅಂದರು. ಅವರು ಹೇಳಿದ್ದು ಸರಿ, ಪ್ರೈಮರಿ ಕೀಯನ್ನು ಇನ್ನೊಬ್ಬರಿಗೆ ಕೊಡಬಾರದು ಅಂತ ನಾನೇ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸು ತಗೊಂಡಿದ್ದೆ. ಅರ್ಜಿ, ಫೋಟೋ, ಪಾಸ್‌ಬುಕ್ಕು ಅಂತ ನಾಲ್ಕು ತಿಂಗಳು ಹಿಡಿಯಿತು.

ಯುಗಾದಿಗೆ ಊರಿಗೆ ಹೋದಾಗ ಬೆಳಿಗ್ಗೆ ಅವ್ವನ ಜೊತೆ ಡೈರಿಗೆ ಹೋದೆ. ಕ್ಯಾನು ಎಮ್ಮೆ ಅಜ್ಜಿಯದರ ಹಿಂದೆಯೇ ಕೂತಿತ್ತು. ಅಜ್ಜಿ ಹಾಲು ಸುರಿದು ಚೀಟಿ ಇಸ್ಕೊಂಡಳು. ಟೆಸ್ಟರ್ "ಇನ್ನೂರ ಅರವತ್ತಮೂರು" ಅಂತ ಕೂಗಿದ. ಯಾರೂ ಏಳಲಿಲ್ಲ. ಅವ್ವ ಅರಳಿಕಟ್ಟೆಯ ಮೇಲೆ ಪಕ್ಕದವಳ ಜೊತೆ ಮಾತಾಡುತ್ತಲೇ ಇದ್ದಳು. ಇನ್ನೊಂದು ಸಲ ಕೂಗಿದ. ಅಜ್ಜಿ ಖಾಲಿ ಕ್ಯಾನಿನಿಂದ ಅವ್ವನ ಮೊಣಕಾಲಿಗೆ ಮೆಲ್ಲಗೆ ಬಡಿದು, "ಏ ನೂರ ನಲವತ್ತೇಳೂ, ನಿನ್ನೇ ಕನಮ್ಮಿ ಕರೀತಾವ್ನೆ" ಅಂದಳು.